ಮೆರ್ಸೆದೆಸ್ ಹಡಗಿನ ಬೆಳ್ಳಿ ಯಾರ ಸ್ವತ್ತು? – ಕಾರ್ತಹೇನಾ ಪ್ರವಾಸ

ಸ್ಪೇನಿನ ಕಾರ್ತಹೇನಾಗೆ ಹೊರಡುವವರು ಟಿಕೆಟ್ ತೆಗೆಯುವಾಗಲೇ ಎಚ್ಚರವಾಗಿರಬೇಕು. ಇದೇ ಹೆಸರಿನ ಇನ್ನೊಂದು ಊರು ಕೊಲಂಬಿಯಾದಲ್ಲಿದೆ. ಅಲ್ಲಿ ವಿಮಾನ ನಿಲ್ದಾಣವೂ ಇರುವುದರಿಂದ ಬುಕಿಂಗ್ ಆ್ಯಪಿನಲ್ಲಿ ಹೆಸರು ಹೊಡೆದರೆ ಅದು ಮೊದಲು ಕಾಣಿಸಿಕೊಳ್ಳುತ್ತದೆ. ವಿಚಿತ್ರವೆಂದರೆ ಎರಡೂ ಊರುಗಳಿಗೆ ಮುಳುಗಿದ ಬೆಳ್ಳಿ ಬಂಗಾರದ ನಂಟಿದೆ. ಕೊಲಂಬಿಯಾದ ಕಡಲಲ್ಲಿ 1708ರಲ್ಲಿ ಮುಳುಗಿದ ‘ಸಾನ್ ಹೋಸೆ’ ಹಡಗಿನ ಮೇಲೆ ಹಕ್ಕು ಹೇಳುವವರು ಹಲವರು. ಸ್ಪೇನಿನ ಕಾರ್ತಹೇನಾದಲ್ಲಿರುವುದು ಕೋರ್ಟಿನಲ್ಲಿ ಇತ್ಯರ್ಥವಾದ ಸೊತ್ತು. ‘ನುವೆಸ್ತ್ರ ಸೆನ್ಯೋರಾ ದೆ ಲಾಸ್ ಮೆರ್ಸೆದೆಸ್’ ಎಂಬ ಯುದ್ಧನೌಕೆಯಿಂದ ಬಂದ 5 ಲಕ್ಷ 70 ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು, ಜೊತೆಗೆ 212 ಚಿನ್ನದ ನಾಣ್ಯಗಳು.

ಬೆಂಗಳೂರಿನಿಂದ ನಡುವೆ ಒಂದು ಕಡೆ ವಿಮಾನ ಬದಲಿಸಿ ಮ್ಯಾಡ್ರಿಡ್ ಸೇರಬಹುದು. ಶೆಂಗನ್ ವೀಸಾ ಬೇಕು. ಮ್ಯಾಡ್ರಿಡ್‌ನಿಂದ ಮುರ್ಸಿಯಾವರೆಗೆ 2022ರ ಡಿಸೆಂಬರ್‌ನಿಂದ ಹೈಸ್ಪೀಡ್ ರೈಲು ಓಡುತ್ತಿದೆ, ಸುಮಾರು ಮೂರು ತಾಸಿನ ದಾರಿ. ಅಲ್ಲಿಂದ ಕಾರ್ತಹೇನಾಗೆ 50 ಕಿ.ಮೀ., ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಈ ನಾಣ್ಯಗಳಿರುವ ಮ್ಯೂಸಿಯಮ್ಮಿಗೆ ಸೋಮವಾರ ರಜೆ, ಭಾನುವಾರ ಮಧ್ಯಾಹ್ನ ಮೂರಕ್ಕೆ ಬಾಗಿಲು. ಟಿಕೆಟ್ 3 ಯೂರೋ. ಶನಿವಾರ ಎರಡು ಗಂಟೆಯ ನಂತರ ಮತ್ತು ಭಾನುವಾರ ಪುಕ್ಕಟೆ. ವಾರಾಂತ್ಯಕ್ಕಷ್ಟೇ ಬರುವವರು ಭಾನುವಾರವನ್ನು ನೆಚ್ಚಿಕೊಂಡರೆ ಅವಸರದಲ್ಲಿ ನೋಡಿ ಹೊರಬೀಳಬೇಕಾಗುತ್ತದೆ. ಶನಿವಾರ ಮಧ್ಯಾಹ್ನವೇ ಒಳ್ಳೆಯದು.

ಬಂದರಿನ ಅಂಚಿನಲ್ಲಿ ಗಾಜಿನ ಅಂಕುಡೊಂಕು ಕಟ್ಟಡವೊಂದಿದೆ. ಇದೇ ರಾಷ್ಟ್ರೀಯ ಜಲಾಂತರ ಪುರಾತತ್ವ ಮ್ಯೂಸಿಯಂ, ಊರಿನವರ ಬಾಯಲ್ಲಿ ‘ಆರ್ಕ್ವಾ’. ವಾಸ್ತುಶಿಲ್ಪಿ ಗಿಯೆರ್ಮೋ ವಾಸ್ಕೆಸ್ ಕೊನ್ಸುಎಗ್ರಾ, ತೆರೆದದ್ದು 2008ರಲ್ಲಿ. ಪ್ರದರ್ಶನ ಇರುವುದು ನೆಲದ ಕೆಳಗೆ, ಇಳಿಜಾರಿನಲ್ಲಿ ನಡೆದುಕೊಂಡೇ ಇಳಿಯಬೇಕು. ಹೆಚ್ಚಿನವರು ಆನೆದಂತ, ಜಾಡಿಗಳನ್ನು ದಾಟಿ ನೇರ ನಾಣ್ಯಗಳ ಕಡೆಗೆ ನಡೆಯುತ್ತಾರೆ. ಅದು ತಪ್ಪು. ಬಾಹೋ ದೆ ಲಾ ಕಂಪಾನಾ ಎಂಬಲ್ಲಿ ಮುಳುಗಿದ ಹಡಗಿನಲ್ಲಿ ಸಿಕ್ಕ ಆನೆದಂತಗಳ ಮೇಲೆ ಫಿನೀಷಿಯನ್ (ಈಗಿನ ಲೆಬನಾನ್ ಕರಾವಳಿಯ ಹಳೇ ಕಡಲ ವರ್ತಕರ) ಲಿಪಿಯಲ್ಲಿ ಕೊರೆದ ಬರಹವಿದೆ. ಸಾಗಿಸುವವರು ಎರಡೂವರೆ ಸಾವಿರ ವರ್ಷಕ್ಕೂ ಹಿಂದೆಯೇ ತಮ್ಮ ಸರಕನ್ನು ಗುರುತು ಹಾಕಿ ಕಳಿಸುತ್ತಿದ್ದರು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಈಗ ನಾಣ್ಯಕ್ಕೆ ಬರೋಣ. ಬಹುಪಾಲು ಆಗಿನ ಸ್ಪೇನಿನ 8 ರಿಯಾಲ್‌ನವು: ಸುಮಾರು 27 ಗ್ರಾಂ ತೂಕ, ನಾಲ್ಕು ಸೆಂ.ಮೀ.ಗೆ ತುಸು ಕಡಿಮೆ ಅಗಲ, ನೂರಕ್ಕೆ ಸುಮಾರು 90 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಒಂದು ಬದಿಯಲ್ಲಿ ನಾಲ್ಕನೇ ಕಾರ್ಲೋಸ್ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ಕಿರೀಟ ಹೊತ್ತ ಲಾಂಛನ, ಅದರ ಎರಡೂ ಪಕ್ಕ ಕಂಬಗಳು. ನೋಡಬೇಕಾದದ್ದು ಲಾಂಛನದ ಸುತ್ತಲಿನ ಬರಹದ ನಡುವೆ ಒಂದರ ಮೇಲೊಂದು ಹೆಣೆದ ಸಣ್ಣ ಅಕ್ಷರಗುಚ್ಛವನ್ನು. ಅದು ಟಂಕಸಾಲೆಯ ಗುರುತು. ಹೆಚ್ಚಿನವುಗಳ ಮೇಲೆ ಪೆರುವಿನ ಲಿಮಾದ ಗುರುತಿದೆ, ಕೆಲವುಗಳ ಮೇಲೆ ಬೆಳ್ಳಿ ಗಣಿಯ ಊರಾದ ಪೊಟೊಸಿಯದು. ಮುಖ ಸ್ಪೇನಿನ ದೊರೆಯದು, ಗುರುತು ದಕ್ಷಿಣ ಅಮೆರಿಕದ್ದು. ಈ ಬೆಳ್ಳಿ ತಮ್ಮದೆಂದ ಸ್ಪೇನ್, ಪೆರು ಎರಡೂ ಒಂದೇ ಬಿಲ್ಲೆಯ ಮೇಲಿವೆ. ಈ ಜಾತಿಯ ನಾಣ್ಯ ನಮಗೂ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿ ಇಲ್ಲಿಯ ಸರಕು ಕೊಳ್ಳಲು ಹಡಗಿನಲ್ಲಿ ತಂದಿಳಿಸಿದ ಬೆಳ್ಳಿಯಲ್ಲಿ ಇದೂ ಧಾರಾಳವಾಗಿತ್ತು.

ಮೆರ್ಸೆದೆಸ್ ಹುಟ್ಟಿದ್ದು ಹವಾನಾದ ಹಡಗುಕಟ್ಟೆಯಲ್ಲಿ. 1804ರಲ್ಲಿ ಲಿಮಾದ ಬಂದರು ಕಯಾವೊದಿಂದ ಹೊರಟು, ಮೊಂಟೆವಿಡಿಯೊದಲ್ಲಿ ತಂಗಿ, ಇನ್ನೂ ಮೂರು ಫ್ರಿಗೇಟುಗಳ (ವೇಗದ ಯುದ್ಧನೌಕೆಗಳ) ಜೊತೆ ಸ್ಪೇನಿನ ಕಾದಿಸ್‌ನತ್ತ ಬರುತ್ತಿತ್ತು. ಅಕ್ಟೋಬರ್ 5ರ ಬೆಳಿಗ್ಗೆ ಪೋರ್ಚುಗಲ್ಲಿನ ಸಾಂತಾ ಮರಿಯಾ ಭೂಶಿರದ ಬಳಿ ಗ್ರಹಾಂ ಮೂರ್ ಎಂಬಾತನ ನಾಲ್ಕು ಬ್ರಿಟಿಷ್ ಯುದ್ಧನೌಕೆಗಳು ಅಡ್ಡಗಟ್ಟಿದವು. ಆಗ ಎರಡು ದೇಶಗಳ ನಡುವೆ ಯುದ್ಧವೇ ಇರಲಿಲ್ಲ; ಸ್ಪೇನ್ ಯುದ್ಧ ಸಾರಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಈ ಘಟನೆಯ ಕಾರಣಕ್ಕೇ. ಗುಂಡಿನ ಚಕಮಕಿ ಶುರುವಾದ ಸ್ವಲ್ಪ ಹೊತ್ತಿಗೆ ಮೆರ್ಸೆದೆಸ್‌ನ ಮದ್ದಿನ ಕೋಣೆ ಸಿಡಿಯಿತು. ಸತ್ತವರು ಸುಮಾರು 250 ಮಂದಿ. ದಿಯೆಗೊ ದೆ ಆಲ್ವೆಯಾರ್ ಎಂಬ ಅಧಿಕಾರಿ ಒಬ್ಬ ಮಗನೊಂದಿಗೆ ಪಕ್ಕದ ‘ಮೆದೆಯಾ’ ಹಡಗಿನಲ್ಲಿದ್ದ. ಹೆಂಡತಿ ಮತ್ತು ಏಳು ಮಕ್ಕಳು ಮೆರ್ಸೆದೆಸ್‌ನಲ್ಲಿದ್ದರು, ಒಬ್ಬರೂ ಉಳಿಯಲಿಲ್ಲ. ಬದುಕಿದ ಆ ಮಗ ಕಾರ್ಲೋಸ್ ಮುಂದೆ ಅರ್ಜೆಂಟೀನಾದ ಸ್ವಾತಂತ್ರ್ಯ ಹೋರಾಟದಲ್ಲಿ ಸ್ಪೇನಿನ ವಿರುದ್ಧವೇ ನಿಂತ. ನಾಣ್ಯದ ರಾಶಿ ನೋಡಿ ಬೆರಗಾಗುವವರು ಅದು ಸ್ಮಶಾನದಿಂದ ಎತ್ತಿದ್ದೆಂಬುದನ್ನು ಮರೆಯಬಾರದು. 

ಸಿಡಿದ ಹಡಗು ಎಂದರೆ ತಳದಲ್ಲಿ ಒಡಲೇ ಇರುವುದಿಲ್ಲ. 1,100 ಮೀಟರ್ ಆಳದಲ್ಲಿ ಫಿರಂಗಿ, ತಾಮ್ರ ಮತ್ತು ತವರದ ಗಟ್ಟಿ, ನಾಣ್ಯ ಎಲ್ಲವೂ ಹರಡಿ ಬಿದ್ದಿರುತ್ತವೆ. ಇಷ್ಟು ಆಳಕ್ಕೆ ಮುಳುಗುಗಾರರು ಇಳಿಯಲಾರರು. ಮೊದಲು ಹಡಗಿನ ಹಿಂದೆ ಸದ್ದಿನ ಅಲೆಗಳಿಂದ ತಳದ ಚಿತ್ರ ತೆಗೆಯುವ ಸೈಡ್‌ಸ್ಕ್ಯಾನ್ ಸೋನಾರ್ ಎಳೆದುಕೊಂಡು, ಹೊಲ ಉತ್ತ ಹಾಗೆ ಸಾಲುಸಾಲಾಗಿ ಹೋಗಿ ಬರುತ್ತಾರೆ. ಒಂದು ಸಾಲಿನ ಅಂಚು ಮುಂದಿನ ಸಾಲಿನ ಮೇಲೆ ಬರಲೇಬೇಕು, ಇಲ್ಲವಾದರೆ ನಡುವಿನ ಪಟ್ಟಿ ಕಣ್ತಪ್ಪಿ ಹೋಗುತ್ತದೆ. ಸೋನಾರಿನಲ್ಲಿ ಬಂಡೆಯೂ ಹಡಗಿನ ಹಾಗೇ ಕಾಣಬಹುದಾದ್ದರಿಂದ ಮ್ಯಾಗ್ನೆಟೋಮೀಟರ್ ಕಬ್ಬಿಣ ಹುಡುಕುತ್ತದೆ. ಅನುಮಾನ ಬಂದಲ್ಲಿಗೆ ಕೇಬಲ್ ಕಟ್ಟಿದ ರಿಮೋಟ್ ವಾಹನ ಇಳಿಯುತ್ತದೆ. ಅದರ ಕೈಗೆ ಹೀರುಬಟ್ಟಲು ಹಾಕಿ ನಾಣ್ಯಗಳನ್ನು ಒಂದೊಂದಾಗಿ ಎತ್ತಲೂ ಬರುತ್ತದೆ. ಆದರೆ ಎತ್ತುವ ಮೊದಲು ಇಡೀ ನೆಲದ ಚಿತ್ರಗಳನ್ನು ಹೊಲಿದು ನಕ್ಷೆ ಮಾಡದಿದ್ದರೆ ಯಾವ ಚೀಲ ಎಲ್ಲಿ ಬಿತ್ತು, ಸ್ಫೋಟ ಯಾವ ದಿಕ್ಕಿಗೆ ಎಸೆಯಿತು ಎಂಬುದು ಮತ್ತೆಂದೂ ಸಿಗದು. ಲಾಭಕ್ಕೆ ಎತ್ತುವವರು ಅವಸರಪಡುವುದು ಇಲ್ಲಿಯೇ, ಏಕೆಂದರೆ ಸಮುದ್ರದ ಮೇಲೆ ಹಡಗು ನಿಂತ ಪ್ರತಿ ದಿನವೂ ಖರ್ಚು.

ಫ್ಲಾರಿಡಾದ ಟ್ಯಾಂಪಾದ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಶನ್ ಕಂಪನಿ 2007ರ ಮೇ ತಿಂಗಳಲ್ಲಿ ‘ಬ್ಲ್ಯಾಕ್ ಸ್ವಾನ್’ ಎಂಬ ಗುಪ್ತನಾಮದಲ್ಲಿ ಸುಮಾರು 17 ಟನ್ ನಾಣ್ಯ ಎತ್ತಿದ್ದಾಗಿ ಪ್ರಕಟಿಸಿತು. ಮಾಲು ಆಗಲೇ ಜಿಬ್ರಾಲ್ಟರ್‌ನಿಂದ ವಿಮಾನದಲ್ಲಿ ಫ್ಲಾರಿಡಾ ಸೇರಿತ್ತು. ಹಡಗು ಯಾವುದೆಂದು ಮಾತ್ರ ಹೇಳಲಿಲ್ಲ, ಕೋರ್ಟಿನಲ್ಲೂ ‘ಗುರುತಿಸಲಾಗದ ಮುಳುಗಿದ ಹಡಗು’ ಎಂದೇ ದಾವೆ. ಈ ಕಾನೂನಿನ ದಾರಿ ಸ್ವಲ್ಪ ಬಿಡಿಸಿ ಹೇಳಬೇಕು. ಸಮುದ್ರ ಕಾನೂನಿನಲ್ಲಿ ಹುಡುಕಿದವನಿಗೆ ಎರಡು ವಾದಗಳಿವೆ. ‘ಒಡೆಯ ಕೈಬಿಟ್ಟದ್ದು, ಸಿಕ್ಕಿದವನದ್ದೇ’ ಎಂಬುದೊಂದು. ‘ಒಡೆಯ ಇದ್ದರೆ ಇರಲಿ, ಅಪಾಯದಿಂದ ಉಳಿಸಿದ್ದಕ್ಕೆ ಸಂಭಾವನೆ ಕೊಡಲಿ’ ಎಂಬುದು ಇನ್ನೊಂದು. ಎರಡಕ್ಕೂ ಮೊದಲ ಹೆಜ್ಜೆ ಒಂದೇ: ಹಡಗಿನ ಒಂದು ತುಣುಕನ್ನು ಕೋರ್ಟಿನ ವಶಕ್ಕೆ ಕೊಟ್ಟು ಇಡೀ ಅವಶೇಷವನ್ನೇ ಜಪ್ತಿ ಮಾಡಿಸುವುದು. ಕಂಪನಿ ಎಡವಿದ್ದೂ ಈ ಹೆಜ್ಜೆಯಲ್ಲೇ. ವ್ಯಾಪಾರಕ್ಕೆ ಬಳಸಿದ್ದನ್ನು ಬಿಟ್ಟರೆ ವಿದೇಶಿ ಸರ್ಕಾರದ ಸ್ವತ್ತನ್ನು ಅಮೆರಿಕದ ಕೋರ್ಟು ಜಪ್ತಿ ಮಾಡುವಂತಿಲ್ಲ. ಹಾಗಾಗಿ ಹಡಗು ಮೆರ್ಸೆದೆಸ್ ಎಂದು ಸಾಬೀತಾದ ಗಳಿಗೆಯಲ್ಲೇ ದಾವೆ ಬಿದ್ದುಹೋಗುತ್ತದೆ.

ಗುರುತು ಹತ್ತಿದ್ದು ಹೇಗೆ? ಸ್ಥಳ ದಾಖಲೆಗೆ ಹೊಂದಿತು. ನಾಣ್ಯಗಳಲ್ಲಿ ಒಂದೂ 1804ರ ನಂತರದ್ದಲ್ಲ. ಫಿರಂಗಿ ಅಂಥ ಫ್ರಿಗೇಟಿನವು. ಹಡಗಿನ ಪಟ್ಟಿಯಲ್ಲಿದ್ದ ತಾಮ್ರ, ತವರ ಮತ್ತು ಸಾಗಿಸುತ್ತಿದ್ದ ಹಳೇ ಕಂಚಿನ ಫಿರಂಗಿಗಳು ತಳದಲ್ಲೂ ಇದ್ದವು. ಹಡಗಿನಲ್ಲಿದ್ದ ಹಣದ ಮುಕ್ಕಾಲು ಪಾಲು ಖಾಸಗಿ ವರ್ತಕರದ್ದು, ಆದ್ದರಿಂದ ಅದು ವ್ಯಾಪಾರದ ಪ್ರಯಾಣ ಎಂದು ಕಂಪನಿ ವಾದಿಸಿತು. ಯುದ್ಧದ ಭೀತಿಯ ಕಾಲದಲ್ಲಿ ಪ್ರಜೆಗಳ ಹಣ ಕಾಯುವುದೂ ನೌಕಾಪಡೆಯ ಕೆಲಸವೇ, ಸರಕು ಹಡಗಿನಿಂದ ಬೇರೆಯಲ್ಲ ಎಂದಿತು ಕೋರ್ಟು. 2009ರಲ್ಲಿ ಟ್ಯಾಂಪಾದಲ್ಲಿ, 2011ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಸ್ಪೇನ್ ಗೆದ್ದಿತು. 2012ರ ಫೆಬ್ರವರಿಯಲ್ಲಿ ಸ್ಪೇನ್ ವಾಯುಪಡೆಯ ಎರಡು ಹರ್ಕ್ಯುಲಿಸ್ ವಿಮಾನಗಳು ಬಂದು ಪ್ಲಾಸ್ಟಿಕ್ ಬಕೆಟುಗಳಲ್ಲಿದ್ದ ನಾಣ್ಯ ತುಂಬಿಕೊಂಡು ಹೋದವು. ಕಂಪನಿಗೆ ಎತ್ತಿದ ಖರ್ಚೂ ದಕ್ಕಲಿಲ್ಲ. ಸ್ಪೇನಿನ ವಕೀಲರ ಖರ್ಚಿಗೆಂದು ಹತ್ತು ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು.

ವರ್ತಕರ ವಂಶಸ್ಥರು 25 ಮಂದಿ ಹಕ್ಕು ಕೇಳಿದ್ದರು. ಪೆರು ಕೇಳಿತ್ತು. ಬೆಳ್ಳಿ ನಮ್ಮ ನೆಲದ್ದು, ಅಚ್ಚಾದದ್ದು ಲಿಮಾದಲ್ಲಿ ಎಂಬ ಪೆರುವಿನ ವಾದವನ್ನು ಕೋರ್ಟು ಸುಳ್ಳೆನ್ನಲಿಲ್ಲ. ಎರಡು ದೇಶಗಳ ನಡುವಿನ ಲೆಕ್ಕ ತೀರಿಸುವುದು ಅಮೆರಿಕದ ಕೋರ್ಟಿನ ಕೆಲಸವಲ್ಲ ಎಂದು ಬದಿಗಿಟ್ಟಿತು. ಯುದ್ಧನೌಕೆ ಯಾರದು ಎಂಬುದಕ್ಕೆ ಉತ್ತರ ಬಂತು, ಬೆಳ್ಳಿ ಯಾರದು ಎಂಬುದಕ್ಕೆ ಬರಲಿಲ್ಲ. ಪೆರುವಿನ ವಾದವೂ ಸಲೀಸಲ್ಲ: ಪೊಟೊಸಿ ಈಗ ಬೊಲಿವಿಯಾದಲ್ಲಿದೆ. ಅಲ್ಲಿಯ ಗಣಿಗೆ ಇಳಿದವರಲ್ಲಿ ‘ಮಿತಾ’ ಎಂಬ ಬಲವಂತದ ದುಡಿಮೆಗೆ ಊರೂರಿನಿಂದ ಸರದಿಯ ಮೇಲೆ ಎಳೆದು ತಂದ ಮೂಲನಿವಾಸಿಗಳು ಎಷ್ಟೋ ಮಂದಿ. ಆ ಪದ್ಧತಿ ರದ್ದಾದದ್ದು 1812ರಲ್ಲಿ. ಅವರ ಮಕ್ಕಳ ಪರವಾಗಿ ಟ್ಯಾಂಪಾದಲ್ಲಿ ಯಾರೂ ವಕಾಲತ್ತು ಹಾಕಿರಲಿಲ್ಲ. ನ್ಯಾಯವಾಗಿ ನೋಡಿದರೆ ರಾಶಿಯ ಒಂದು ಪಾಲು ಲಿಮಾ, ಪೊಟೊಸಿಗಳಲ್ಲಿ ಕಾಯಂ ಪ್ರದರ್ಶನಕ್ಕೆ ಹೋಗಬೇಕು. ಒಂದೇ ಬಗೆಯ ಐದು ಲಕ್ಷ ನಾಣ್ಯ ಒಂದೇ ಕಟ್ಟಡದಲ್ಲಿರುವುದರಿಂದ ಅಧ್ಯಯನಕ್ಕೆ ಸಿಗುವ ಹೆಚ್ಚಿನ ಲಾಭವೇನೂ ಇಲ್ಲ.

ಮಾರಾಟವಾಗದೆ ಉಳಿದದ್ದು ಮಾತ್ರ ನಿಜವಾದ ಗೆಲುವು. 2001ರ ಯುನೆಸ್ಕೊ ಒಪ್ಪಂದ ನೂರು ವರ್ಷ ನೀರಲ್ಲಿದ್ದ ಪಾರಂಪರಿಕ ಸ್ವತ್ತನ್ನು ವ್ಯಾಪಾರಕ್ಕೆ ಬಳಸಬಾರದೆನ್ನುತ್ತದೆ, ಇದ್ದಲ್ಲೇ ಉಳಿಸುವುದನ್ನು ಮೊದಲು ಯೋಚಿಸಿ ಎನ್ನುತ್ತದೆ. ಸ್ಪೇನ್ ಅದಕ್ಕೆ ಸೇರಿದೆ. ಅಮೆರಿಕ, ಬ್ರಿಟನ್, ಭಾರತ ಸೇರಿಲ್ಲ. ನಮ್ಮ 1878ರ ನಿಧಿ ಕಾಯ್ದೆ ಹೇಳುವುದು ಮಣ್ಣಿನಲ್ಲಿ ಹುದುಗಿದ್ದರ ಮಾತು, ಹತ್ತು ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು. ಕಡಲತಳದ ಹಡಗನ್ನು ಮನಸ್ಸಿನಲ್ಲಿಟ್ಟು ಬರೆದದ್ದಲ್ಲ ಅದು.

ಬಕೆಟಿನಲ್ಲಿ ತಂದದ್ದಕ್ಕೂ ಕಾರಣವಿದೆ. ಉಪ್ಪುನೀರಿನಲ್ಲಿ ಮೊದಲು ತಿಂದುಹೋಗುವುದು ಮಿಶ್ರಣದಲ್ಲಿರುವ ತಾಮ್ರ. ಮೇಲೆ ಬೆಳ್ಳಿಯ ಕ್ಲೋರೈಡ್, ಸಲ್ಫೈಡುಗಳ ಕಪ್ಪು ಪದರ ಕಟ್ಟುತ್ತದೆ. ಚೀಲದ ಬಟ್ಟೆ ಕೊಳೆತ ಮೇಲೂ ಚೀಲದ ಆಕಾರದಲ್ಲೇ ಅಂಟಿಕೊಂಡ ಗಡ್ಡೆಗಳು ಸಿಗುವುದು ಇದರಿಂದಲೇ. ಹೊರಗಿನವು ಸವೆದು ಒಳಗಿನವನ್ನು ಕಾಯುತ್ತವೆ. ಇಂಥದ್ದನ್ನು ಒಣಗಲು ಬಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ಪದರ ಸೀಳುತ್ತದೆ. ಆದ್ದರಿಂದ ನೀರಿನಲ್ಲೇ ಇಟ್ಟು, ನೀರು ಬದಲಿಸುತ್ತಾ, ಉಪ್ಪಿನಂಶ ಇಳಿಯುವುದನ್ನು ಅಳೆಯುತ್ತಾ ಹೋಗುತ್ತಾರೆ. ಆಮೇಲೆ ಕ್ಷಾರದ ದ್ರಾವಣದಲ್ಲಿ ಸಣ್ಣ ವಿದ್ಯುತ್ ಹರಿಸಿ ಪದರವನ್ನು ಬೆಳ್ಳಿಗೆ ಮರಳಿಸುವುದುಂಟು. ಪ್ರವಾಹ ಜಾಸ್ತಿಯಾದರೆ ನಾಣ್ಯದ ಮೈಮೇಲೆ ಹೈಡ್ರೋಜನ್ ಗುಳ್ಳೆಗಳೆದ್ದು ದೊರೆಯ ಮೂಗು, ಟಂಕಸಾಲೆಯ ಅಕ್ಷರ ಪದರದ ಜೊತೆಗೇ ಉದುರಿಹೋಗುತ್ತವೆ. ತೊಳೆದು ಪಳಪಳ ಹೊಳೆಯಿಸುವುದು ಅಂಗಡಿಯವರ ರೀತಿ; ಅಧ್ಯಯನಕ್ಕೆ ಬೇಕಾದದ್ದು ಅಕ್ಷರ.

ಮಧ್ಯಾಹ್ನ ಬಂದರಿನ ಹೋಟೆಲುಗಳಲ್ಲಿ ‘ಕಾಲ್ದೆರೊ’ ಎಂಬ ಅನ್ನ ಸಿಗುತ್ತದೆ. ನೋಡಲು ಬರೀ ಅನ್ನ, ಬೆಂದದ್ದು ಮೀನಿನ ಸಾರಿನಲ್ಲಿ, ಸಸ್ಯಾಹಾರಿಗಳು ಮೋಸಹೋಗಬಾರದು. ‘ಆಸಿಯಾತಿಕೊ’ ಎಂಬ ಊರಿನ ಕಾಫಿಯಲ್ಲಿ ಗಟ್ಟಿಹಾಲಿನ ಜೊತೆ ಬ್ರಾಂಡಿಯೂ ಇರುತ್ತದೆ. ಊಟದ ನಂತರ ರೋಮನ್ ರಂಗಮಂದಿರ, ಇಸಾಕ್ ಪೆರಾಲ್‌ನ 1888ರ ಬ್ಯಾಟರಿ ಜಲಾಂತರ್ಗಾಮಿ, ಎರಡಕ್ಕೂ ನಡೆದೇ ಹೋಗಬಹುದು.

ಇನ್ನೊಂದು ದಿನ ಕೈಯಲ್ಲಿದ್ದರೆ ಸುಮಾರು 35 ಕಿ.ಮೀ. ದೂರದ ಮಜರ್ರೋನ್ ಬಂದರಿಗೆ ಹೋಗಬೇಕು. ಅಲ್ಲಿಯ ಪ್ಲಾಯಾ ದೆ ಲಾ ಇಸ್ಲಾ ಕಡಲತೀರದಿಂದ ಕೂಗಳತೆ ದೂರದಲ್ಲಿ, ಎರಡಾಳು ನೀರೂ ಇಲ್ಲದ ಜಾಗದಲ್ಲಿ ಎರಡು ಫಿನೀಷಿಯನ್ ದೋಣಿಗಳು ಸಿಕ್ಕವು, ಕ್ರಿ.ಪೂ. 7ನೇ ಶತಮಾನದವು. ಮೊದಲನೆಯದರ ಉಳಿಕೆ ಆರ್ಕ್ವಾದಲ್ಲೇ ಇದೆ. 1994ರಲ್ಲಿ ಸಿಕ್ಕ ಎರಡನೆಯದು 8.15 ಮೀಟರ್ ಉದ್ದ. ಅದರಲ್ಲಿದ್ದ ಸರಕು 2,820 ಕಿಲೋ ಸೀಸದ ಆಕ್ಸೈಡ್ ಗಟ್ಟಿಗಳು. ಅದಿರಿನ ಸೀಸದಿಂದ ಬೆಳ್ಳಿ ತೆಗೆಯುವಾಗ ಉಳಿಯುವ ಪದಾರ್ಥವಿದು. ಅಂದರೆ ಪೊಟೊಸಿಗಿಂತ ಎರಡು ಸಾವಿರ ವರ್ಷ ಮೊದಲು ಸ್ಪೇನಿನ ಈ ಬೆಟ್ಟಗಳೇ ಬೆಳ್ಳಿಯ ಗಣಿ, ಕಡಲಾಚೆಯಿಂದ ಬಂದ ವರ್ತಕರೇ ಗಿರಾಕಿಗಳು. ಪೆರುವಿನ ಜಾಗದಲ್ಲಿ ಆಗ ಸ್ಪೇನೇ ಇತ್ತು. ಈ ದೋಣಿಯ ಒಡೆತನಕ್ಕೆ ತಕರಾರಿಲ್ಲ: ಸ್ಪೇನಿನ 1985ರ ಪರಂಪರೆ ಕಾಯ್ದೆಯಂತೆ ಸಿಕ್ಕ ಪುರಾತತ್ವ ವಸ್ತುವೆಲ್ಲ ಸಾರ್ವಜನಿಕ ಸ್ವತ್ತು.

ಯುನೆಸ್ಕೊ ಹೇಳುವ ‘ಇದ್ದಲ್ಲೇ ಉಳಿಸುವ’ ಉಪಾಯಕ್ಕೂ ಮಿತಿಯಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಎರಡನೆಯ ದೋಣಿಯ ಮೇಲೆ ಲೋಹದ ಪೆಟ್ಟಿಗೆ ಮುಚ್ಚಿ ಮರಳಲ್ಲೇ ಬಿಟ್ಟಿದ್ದರು. ಆದರೆ ತೀರದ ಪ್ರವಾಹ ಬದಲಾಗಿ ಸುತ್ತಲ ಮರಳು ಕೊಚ್ಚಿಹೋಗತೊಡಗಿತು. ಮರಳಿನ ಕವಚ ಹೋದರೆ ನೀರಿನಲ್ಲಿ ಕರಗಿದ ಆಮ್ಲಜನಕ ತಗುಲಿ ಮರಕ್ಕೆ ಹುಳು ಹಿಡಿಯುತ್ತದೆ. ಕೊನೆಗೆ 2024ರ ನವೆಂಬರ್‌ನಲ್ಲಿ, ಮರದಲ್ಲಿ ಬಿರುಕು ಇದ್ದ ಕಡೆಗಳಲ್ಲೇ ಬಿಡಿಸಿ, ತುಂಡುತುಂಡಾಗಿ ಮೇಲೆತ್ತಿ ಆರ್ಕ್ವಾದ ಪ್ರಯೋಗಾಲಯಕ್ಕೆ ತಂದರು. ಮೊದಲು ಉಪ್ಪು ಬಿಡಿಸುವುದು, ಆಮೇಲೆ ಮರದೊಳಗಿನ ನೀರಿನ ಜಾಗಕ್ಕೆ ಮೇಣದಂಥ ಪಾಲಿಎಥಿಲಿನ್ ಗ್ಲೈಕಾಲ್ ತುಂಬುವುದು, ಕೊನೆಗೆ ಹಿಮಗಟ್ಟಿಸಿ ಒಣಗಿಸುವುದು. ಯಾವ ಹಂತ ಅವಸರವಾದರೂ ಮರ ಮುರುಟುತ್ತದೆ, ಹಾಗಾಗಿ ಇದು ವರ್ಷಗಟ್ಟಲೆ ಹಿಡಿಯುವ ಕೆಲಸ. ಅಲ್ಲಿಯವರೆಗೆ ಮಜರ್ರೋನ್ ತೀರದಲ್ಲಿ ಕಾಣುವುದು ನೀರು ಮತ್ತು ಮರಳು ಮಾತ್ರ.