ಇಂಗದ ಇಂಗುಗುಂಡಿ: ನಾಲ್ಕನೇ ಟಿಪ್ಪಣಿ, ಸ್ವಲ್ಪ ಸಿಟ್ಟಿನಲ್ಲೇ

ಮೊದಲೇ ಹೇಳಿಬಿಡ್ತೀನಿ, ಬೋರ್‌ವೆಲ್ ಸುತ್ತ ಮಳೆನೀರು ಇಂಗಿಸೋಕೆ ನಾವು ತೆಗೆದ ಗುಂಡಿಯಲ್ಲಿ ನೀರು ಇಳೀತು. ಎರಡಡಿ ನೀರು, ಮೂರೂವರೆ ಗಂಟೆಯಲ್ಲಿ. ಈ ಒಂದು ಸಾಲು ಬರೆಯೋಕೆ ಆರಿದ್ರಾ ಮಳೆಯಿಂದ ಮಘೆ ಮಳೆವರೆಗೆ ಕಾಯಬೇಕಾಯ್ತು.

ಗುಂಡಿ ತೆಗೆದದ್ದು, ಕೇಸಿಂಗ್‌ಗೆ (ಬೋರಿನ ಪೈಪಿಗೆ) ಸೋಸಿದ ನೀರು ಒಳಗಿಳಿಯೋಕೆ ತೂತು ಹೊಡೆದದ್ದು, ಅದಕ್ಕೆ ಜಾಲರಿ ಸುತ್ತಿದ್ದು ಎಲ್ಲ ಮಾಮೂಲಿ ಕೆಲಸ, ಅದನ್ನ ಬಿಡಿ. ಅಳತೆ ಮಾಮೂಲಿ: ಉದ್ದ, ಅಗಲ, ಆಳ ಹತ್ತತ್ತು ಅಡಿ. ತಳಕ್ಕೆ ದಪ್ಪ ಕಲ್ಲು, ಮೇಲೆ 40 ಎಂಎಂ, ಅದರ ಮೇಲೆ 20 ಎಂಎಂ ಜಲ್ಲಿ, ಜಾಲರಿ, ಒಂದೂವರೆ ಅಡಿ ಮರಳು, ಬಾಯಲ್ಲಿ ಎರಡಡಿ ಖಾಲಿ. ಜಾಗ ಚಳ್ಳಕೆರೆ ಕಡೆ, ನಮ್ಮ ವೈರ್‌ಮನ್ ಗೆಳೆಯನ ದೊಡ್ಡಪ್ಪನ ಶೇಂಗಾ ಹೊಲ. 480 ಅಡಿ ಬೋರು. ಯುಗಾದಿ ಕಳೀತಿದ್ದಂಗೆ ಅದರ ಉಸಿರು ನಿಲ್ಲುತ್ತೆ.

ನಾವು ಐದು ಜನ ದುರ್ಗದವರು, ಭಾನುವಾರದ ಕೂಲಿಗಳು. ಮುಂಚೆ ಭಾನುವಾರ ಅಂದ್ರೆ ಜೋಗಿಮಟ್ಟಿ, ಚಂದ್ರವಳ್ಳಿ, ತಪ್ಪಿದರೆ ಕೋಟೆ. ಈಗ ಅದೇ ಬ್ಯಾಗಲ್ಲಿ ನೀರಿನ ಬಾಟಲಿ ಪಕ್ಕ ಸಲಿಕೆ ಹಿಡಿ ಇಣುಕ್ತಿರುತ್ತೆ.

ಆರಿದ್ರಾ ಮಳೆ ಒಂದೇ ರಾತ್ರಿ ಗುಂಡಿ ತುಂಬಿಸಿತು. ಬೆಳಿಗ್ಗೆ ದೊಡ್ಡಪ್ಪ ಫೋಟೋ ಕಳಿಸಿದ್ರು, ನಾವು ಮಂಡಕ್ಕಿ ಮೆಣಸಿನಕಾಯಿ ತಿಂದು ಹಬ್ಬ ಮಾಡಿದ್ವಿ. ಮೂರನೇ ದಿನ ಇನ್ನೊಂದು ಫೋಟೋ. ಅದೇ ನೀರು, ಅದೇ ಮಟ್ಟ. ಆರನೇ ದಿನ ಕಪ್ಪೆಗಳು ಸಂಸಾರ ಹೂಡಿದ್ದವು. ದಾರೀಲಿ ಹೋಗೋ ಒಬ್ಬರು ನಿಂತು ನೋಡಿ, "ಎಮ್ಮೆ ತೊಳೆಯಾಕೆ ಚೆನ್ನಾಗಿ ಮಾಡಿಸಿದೀರಿ ಬಿಡ್ರಪ್ಪಾ" ಅಂದ್ರಂತೆ. ಬಾಯಲ್ಲಿ ನಿಂತ 200 ಘನ ಅಡಿ, ಅಂದ್ರೆ ಸುಮಾರು 5,600 ಲೀಟರ್ ನೀರು ಬಿಸಿಲಿಗೆ ಆವಿಯಾಗ್ತಾ ಕೂತಿತ್ತು.

ಗುಂಪಿನಲ್ಲಿ ಎರಡು ಪಕ್ಷ ಆಯ್ತು. ಮೇಷ್ಟ್ರು ಪಕ್ಷ: ಕೇಸಿಂಗ್ ಮೇಲಿನ ಜಾಲರಿ ಕಟ್ಟಿಕೊಂಡಿದೆ. ವೈರ್‌ಮನ್ ಪಕ್ಷ: ತೂತು ಕಮ್ಮಿ ಹೊಡೆದಿದ್ದೀವಿ. ಎರಡೂ ಪಕ್ಷದ ಪರಿಹಾರ ಒಂದೇ, ತುಂಬಿದ್ದನ್ನೆಲ್ಲ ತೆಗೆಯೋದು. ಹತ್ತಡಿ ಗುಂಡಿಯ ಕಲ್ಲು, ಕೈಯಲ್ಲಿ, ಪುಟ್ಟಿ ಲೆಕ್ಕದಲ್ಲಿ! ನಾನು ಯಾವ ಪಕ್ಷಕ್ಕೂ ಸೇರಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಸೊಂಟನೋವಿನಿಂದ.

ಪರಿಹಾರ ಸಿಕ್ಕಿದ್ದು ಒಂದು ಕಳವಳದಿಂದ. ಕೆಸರು ಎಷ್ಟು ಕೂತಿದೆ ನೋಡೋಣ ಅಂತ ಮೇಷ್ಟ್ರು ಅಂಚಿನಿಂದ ಹಾರೆ ಇಳಿಬಿಟ್ಟರು. ಕೈ ಜಾರಿ ಹಾರೆ ಮರಳೊಳಗೆ ಇಳಿದುಹೋಯ್ತು. ಹೋಯ್ತಲ್ಲಾ ದೊಡ್ಡಪ್ಪನ ಹಾರೆ ಅಂತ ಎಲ್ಲರೂ ಬಗ್ಗಿದ್ವಿ. ಆಗ ಹಾರೆ ಪಕ್ಕದಿಂದ ಗುಳುಗುಳು ಅಂತ ಗುಳ್ಳೆ. ನಿಲ್ಲಲೇ ಇಲ್ಲ, ಮಡಕೆ ಮುಳುಗಿಸಿದಂಗೆ ಬರ್ತಾನೇ ಇತ್ತು.

ಗಾಳಿ! ಜಲ್ಲಿ ಮಧ್ಯೆ ಗಾಳಿ ಇದೆ ಅಂದ್ರೆ ಕೆಳಗೆ ನೀರೇ ಹೋಗಿಲ್ಲ. ಜಾಲರಿದೂ ತಪ್ಪಿಲ್ಲ, ತೂತಿಂದೂ ತಪ್ಪಿಲ್ಲ. ಅಡ್ಡ ನಿಂತಿದ್ದು ಮೇಲಿನ ಒಂದೂವರೆ ಅಡಿ ಮರಳು. ಹಾರೆಯಲ್ಲಿ ಇನ್ನೆರಡು ಕಡೆ ಚುಚ್ಚಿ ನೋಡೋಣ ಅಂದ ವೈರ್‌ಮನ್. ಬೇಡಪ್ಪಾ ಅಂತ ಕೈ ಹಿಡಿದು ನಿಲ್ಲಿಸಿದ್ವಿ. ತೂತು ಬಿದ್ದರೆ ಕೆಂಪು ಕೆಸರು ಸೋಸದೆ ಸೀದಾ ಬೋರಿಗೇ ಹೋಗುತ್ತೆ. ಬಂಡೆ ಸೀಳಿನಲ್ಲಿ ಕೆಸರು ತುಂಬಿದ ಮೇಲೆ ಯಾವ ದೇವರೂ ತೆಗೆಯಲ್ಲ.

ಈಗ ಮರಳಿನ ವಿಷಯ. ಮರಳು ಕಳಿಸಿದ ಪುಣ್ಯಾತ್ಮನಿಗೆ ನಾವು ಹೇಳಿದ್ದು ಕಾಂಕ್ರೀಟಿಗೆ ಬಳಸೋ ದಪ್ಪ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ತೊಳೆದದ್ದು, ಎರಡು ಟ್ರ್ಯಾಕ್ಟರ್ ಲೋಡು. ಬಂದಿದ್ದು ಗೋಡೆಗೆ ಬಳಿಯೋ ನುಣ್ಣನೆ ಮರಳು, ಮೇಲೆ ಕ್ರಷರ್ ದೂಳಿನ ಒಗ್ಗರಣೆ. ಇಳಿಸುವಾಗಲೇ ನೋಡಬೇಕಿತ್ತು, ಆದರೆ ಕತ್ತಲಾಗಿತ್ತು, ಡ್ರೈವರ್ ಅವಸರ ಮಾಡ್ತಿದ್ದ, ನಮಗೂ ಹಸಿವು. ಫೋನ್ ಮಾಡಿ ಕೇಳಿದ್ರೆ, "ಮರಳು ಮರಳೇ ಅಲ್ವಾ ಸಾರ್, ಗುಂಡಿಗೆ ಹಾಕೋಕೆ ಯಾವುದಾದ್ರೇನು?" ಅಂತ ನಮಗೇ ಪ್ರಶ್ನೆ. ಬಿಲ್ಲಲ್ಲಿ ಮಾತ್ರ 'ತೊಳೆದ ಮರಳು' ಅಂತ ದಪ್ಪಕ್ಷರದಲ್ಲಿ ಬರೆದಿದ್ದ. ತೊಳೆದಿದ್ದು ನಮ್ಮ ಜೇಬನ್ನ.

ಬಾಟಲಿ ಪರೀಕ್ಷೆ ಮಾಡಿದ್ವಿ, ತಡವಾಗಿ. ಮೂರನೇ ಒಂದು ಪಾಲು ಮರಳು, ಚಿಟಿಕೆ ಉಪ್ಪು, ನೀರು, ಕುಲುಕಿ ಇಟ್ಟು ಮೂರು ಗಂಟೆ ಬಿಟ್ಟು ನೋಡೋದು. ಉಪ್ಪು ಹಾಕಿದ್ರೆ ಜೇಡಿ ಬೇಗ ತಳ ಸೇರುತ್ತೆ. ಕೆಳಗೆ 9 ಸೆಂ.ಮೀ. ಮರಳು, ಅದರ ಮೇಲೆ 2 ಸೆಂ.ಮೀ. ಗಸಗಸೆ ಪಾಯಸ. ಮನೆ ಕಟ್ಟೋರು ಈ ದೂಳು-ಜೇಡಿ ನೂರಕ್ಕೆ ಎಂಟರ ಮೇಲೆ ಹೋದ್ರೆ ಲೋಡು ವಾಪಸ್ ಕಳಿಸ್ತಾರೆ. ನಮ್ಮದು ಇಪ್ಪತ್ತು ದಾಟಿತ್ತು. ಆ ಬಾಟಲಿ ಈಗಲೂ ನಮ್ಮನೆ ಕಿಟಕಿ ಮೇಲಿದೆ. ಹೆಂಡತಿ ಎರಡು ಸಲ ಎಸೆಯೋಕೆ ನೋಡಿದ್ಲು. ಸಾಕ್ಷಿ ಕಣೇ ಅದು ಅಂದಿದ್ದೀನಿ.

ಪೂರಾ ಅವನ ತಲೆಗೇ ಕಟ್ಟೋದೂ ನ್ಯಾಯ ಅಲ್ಲ. ನೀರು ಇಂಗುಗುಂಡಿ ಸೇರೋ ಮುಂಚೆ ಕೆಸರು ತಳ ಸೇರಲಿ ಅಂತ ಮಾಡಿದ ನಮ್ಮ ಹೂಳುಗುಂಡಿ ಮೂರಡಿ ಚೌಕ, ಮೂರಡಿ ಆಳ. ಹಿಡಿಯೋದು ಸುಮಾರು 765 ಲೀಟರ್. ಗುಂಡಿ ಕಡೆಗೆ ಇಳಿಜಾರಿರೋದು ಎರಡು ಎಕರೆ. ಎಕರೆಗೆ 10 ಮಿ.ಮೀ. ಮಳೆ ಬಿದ್ರೆ 40,000 ಲೀಟರ್. ಕಾಲುಭಾಗ ಹರಿದು ಬಂದರೂ ಎರಡು ಎಕರೆಗೆ 20,000. ಅದು ಅರ್ಧ ಗಂಟೆಯಲ್ಲಿ ಬಂದ್ರೆ ನೀರು ಹೂಳುಗುಂಡಿಯಲ್ಲಿ ನಿಲ್ಲೋದು ಹೆಚ್ಚೂಕಮ್ಮಿ ಒಂದು ನಿಮಿಷ. ಅಷ್ಟರಲ್ಲಿ ದಪ್ಪ ಮರಳು ತಳ ಸೇರುತ್ತೆ. ಕೆಮ್ಮಣ್ಣಿನ ಜೇಡಿ ಕೈ ಬೀಸ್ಕೊಂಡು ಮುಂದಕ್ಕೆ ಹೋಗುತ್ತೆ. ಈ ಲೆಕ್ಕ ಗುಂಡಿ ತೆಗೆಯೋ ಮುಂಚೆ ಮಾಡಿದ್ರೆ ನಾವು ಎಂಜಿನಿಯರ್ ಆಗಿರ್ತಿದ್ವಿ.

ಬೇಜಾರಿಗೆ ಒಂದು ಭಾನುವಾರ ಕೆಲಸ ಬಿಟ್ಟು ಕೋಟೆ ಹತ್ತಿದ್ವಿ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ಇಳಿಯೋದು ಶಾಲೆಯಲ್ಲಿದ್ದಾಗಿನಿಂದ ನೋಡಿದ್ದೇ. ಅಲ್ಲಿ ಜ್ಞಾನೋದಯ ಆಯ್ತು ಅಂತ ಬರೆಯೋಕೆ ಆಸೆ. ನಿಜವಾಗಿ ನಡೆದದ್ದು ಇಷ್ಟೇ: ಹೊಂಡದ ಮೆಟ್ಟಿಲ ಮೇಲೆ ಚಟ್ನಿಪುಡಿ ರೊಟ್ಟಿ ತಿಂತಾ ಮೇಷ್ಟ್ರು, "ಒಂದೇ ದೊಡ್ಡದು ಯಾಕೆ, ಮೂರು ಸಾಲಾಗಿ ಮಾಡಿದ್ರೆ?" ಅಂದ್ರು. ಬಾಯಲ್ಲಿ ರೊಟ್ಟಿ ಇದ್ದಿದ್ದರಿಂದ ಯಾರೂ ಜಗಳ ಆಡಲಿಲ್ಲ. ತೀರ್ಮಾನ ಆಯ್ತು.

ಕೋಟೆ ಅಂದಾಗ ಮುಂದಿನ ಕೆಲಸ ಹೇಳಿಬಿಡ್ತೀನಿ, ತಡೆಯೋಕೆ ಆಗ್ತಿಲ್ಲ. ದೊಡ್ಡಪ್ಪನ ಹೊಲದ ಬದುವಿನಾಚೆ ಒಂದು ಹಳೇ ಕಲ್ಲುಕಟ್ಟಿನ ಬಾವಿ ಇದೆ. ಅರ್ಧ ಹೂಳು, ಜಾಲಿ ಬೆಳೆದು ಬಾಯಿ ಮುಚ್ಚಿದೆ. ಪಾವಟಿಗೆ (ಮೆಟ್ಟಿಲು) ಇದೆ ಅಂತಾರೆ, ನೋಡಿದವರಿಲ್ಲ. ಅದಕ್ಕೆ ಇಳೀಬೇಕು! ಕೋಟೆ ಗೋಡೆಯನ್ನ ಬರಿಗೈಲಿ ಹತ್ತೋ ಕೋತಿರಾಜನ ಊರಿನವರೇ ಆದ್ರೂ ನಮಗೆ ಹಗ್ಗ ಬೇಕು, ಸೊಂಟಪಟ್ಟಿ ಬೇಕು. ಮೊದಲು ಲಾಟೀನು ಇಳಿಬಿಟ್ಟು ನೋಡೋದು. ದೀಪ ಆರಿದ್ರೆ ಮನುಷ್ಯರು ಇಳಿಯೋ ಮಾತೇ ಇಲ್ಲ. ಉರಿದ್ರೂ ಒಬ್ಬ ಇಳೀವಾಗ ನಾಲ್ಕು ಜನ ಮೇಲಿರಬೇಕು, ಅದು ನಮ್ಮ ಕಾನೂನು. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ಕೆರೆ ಮಾಡಿಸಿದ್ದನ್ನ ಬಂಡೆ ಮೇಲೆ ಬರೆಸಿದ್ದಾನೆ. ಬಾವಿ ಮುಗಿದ್ರೆ ನಾವೂ ಒಂದು ಕಲ್ಲು ಹಾಕಿಸೋದೇ ಅಂತ ವೈರ್‌ಮನ್. ಅದರಲ್ಲಿ ಮರಳಿನವನ ಹೆಸರೂ ಬರಬೇಕಂತೆ, ಶಾಪಾಶಯದ, ಅಂದ್ರೆ ಶಾಪ ಹಾಕೋ ಭಾಗದಲ್ಲಿ.

ಸರಿ, ಗುಂಡಿಗೆ ಬರೋಣ. ಪುನರ್ವಸು, ಪುಷ್ಯ ಎರಡೂ ಮರಳು ತೆಗೆಯೋದರಲ್ಲೇ ಹೋಯ್ತು. 150 ಘನ ಅಡಿ ಒದ್ದೆ ಮರಳು ಎಷ್ಟು ತೂಗುತ್ತೆ ಅಂತ ಲೆಕ್ಕ ಬೇಡ, ನನ್ನ ಬೆನ್ನಿಗೆ ಗೊತ್ತು. ಅದೇ ಮರಳನ್ನ ತೊಳೆದು ವಾಪಸ್ ಹಾಕೋಣ ಅಂತ ಒಂದು ಟ್ಯಾಂಕರ್ ನೀರು ದುಡ್ಡು ಕೊಟ್ಟು ತರಿಸಿದ್ವಿ. ನೀರು ಇಂಗಿಸೋ ಗುಂಡಿಗೆ ಹಾಕೋ ಮರಳು ತೊಳೆಯೋಕೆ ನೀರು ಕೊಳ್ಳೋದು! ದೊಡ್ಡಪ್ಪ ಏನೂ ಅನ್ನಲಿಲ್ಲ. ಟವೆಲ್ ಕೊಡವಿ ಹೆಗಲ ಮೇಲೆ ಹಾಕ್ಕೊಂಡು ದನದ ಕಡೆ ಹೋದ್ರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ನಾಲ್ಕು ಪುಟ್ಟಿ ತೊಳೆಯೋಷ್ಟರಲ್ಲಿ ಆ ಯೋಜನೆ ಸತ್ತುಹೋಯ್ತು.

ಕೊನೆಗೆ ಮಾಡಿದ್ದು: ಮರಳು ಅರ್ಧ ಅಡಿಗೆ ಇಳಿಸಿದ್ವಿ, ಈ ಸಲ ಬೇರೆ ಕಡೆಯಿಂದ, ಬಾಟಲಿಯಲ್ಲಿ ಕುಲುಕಿ ನೋಡಿದ ಮೇಲೇ ದುಡ್ಡು. ಅದರ ಕೆಳಗೆ ಒಂದಡಿ ಬೇಬಿ ಜಲ್ಲಿ, ಅಂದ್ರೆ ಸಣ್ಣ ಚೂರು ಜಲ್ಲಿ. ಮರಳಿನ ಮೇಲೆ ಇನ್ನೊಂದು ಜಾಲರಿ, ಅದು ಹಾರದಂಗೆ ಎರಡಿಂಚು ಜಲ್ಲಿ. ಕೆಸರು ಕಟ್ಟಿದ್ರೆ ಆ ಪದರ ಮಾತ್ರ ಹಾಸಿಗೆ ಮಡಚಿದಂಗೆ ಎತ್ತಿ ಕೊಡವಬಹುದು. ಮೂಲೇಲಿ ಗಾಳಿ ಹೋಗೋಕೆ ಎರಡಿಂಚಿನ ಪೈಪು, ತುದಿ ನೀರಿನ ಮಟ್ಟಕ್ಕಿಂತ ಮೇಲೆ, ಬಾಯಿಗೆ ಜಾಲರಿ. ಹೂಳುಗುಂಡಿ ಮೂರು, ಸಾಲಾಗಿ, ಒಂದೊಂದೂ ಆರಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳ. ನೀರಿಗೆ ಈಗ ಒಂಬತ್ತು ನಿಮಿಷ ಸಿಗುತ್ತೆ. ಜೇಡಿ ಅದರಲ್ಲೂ ಪೂರ್ತಿ ನಿಲ್ಲಲ್ಲ, ಅದಕ್ಕೇ ಆ ಮಡಚೋ ಹಾಸಿಗೆ.

ಮಘೆ ಮಳೆ ಬಂದ ರಾತ್ರಿ ನಾವು ಯಾರೂ ಅಲ್ಲಿರಲಿಲ್ಲ. ಮೊದಲ ಸಲ ತುಂಬಿದ್ದು ಮೂರೂವರೆ ಗಂಟೆಗೆ ಖಾಲಿ. ಅದೇ ವಾರ ಎರಡನೇ ಸಲ, ನಾಲ್ಕು ಗಂಟೆ ಹತ್ತು ನಿಮಿಷ. ಆ ನಲವತ್ತು ನಿಮಿಷ ಯಾಕೆ ಜಾಸ್ತಿ ಆಯ್ತು ಅಂತ ಮೇಷ್ಟ್ರು ಈಗಲೇ ಉಗುರು ಕಚ್ತಿದ್ದಾರೆ. ಉತ್ತರೆ, ಹಸ್ತ ಇನ್ನೂ ಇವೆ, ನೋಡೋಣ.

ಈ ಗಂಟೆ, ನಿಮಿಷ ಎಲ್ಲ ದೊಡ್ಡಪ್ಪನ ಲೆಕ್ಕ. ಕೇಸಿಂಗ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬ್ಯಾಟರಿ ಹಿಡ್ಕೊಂಡು ಬದು ಮೇಲೆ ಕೂತಿದ್ರಂತೆ. ರಾತ್ರಿ ಎರಡೂವರೆಗೆ ನನ್ನ ಫೋನು.

"ಇಳೀತಾ ಐತೆ ಕಣಪ್ಪಾ. ಇನ್ನೊಂದು ಗೇಣು."

ಮಲ್ಕೊಳ್ಳಿ ದೊಡ್ಡಪ್ಪಾ, ಬೆಳಿಗ್ಗೆ ನೋಡೋಣ ಅಂದೆ. ಹ್ಞೂಂ ಅಂದು ಇಟ್ರು. ಮೂರೂಕಾಲಿಗೆ ಮತ್ತೆ ಫೋನು.

"ನಾಕು ಬೆರಳು."