82.23ರ ಕೆಳಗೆ ಇನ್ನೊಂದು ಸಾಲು

2016ರ ಫೆಬ್ರವರಿ. ಕೆಲಸದ ಮೇಲೆ ನಾನಾಗ ಗುವಾಹಟಿಯಲ್ಲಿದ್ದೆ. ಊರಿಗೆ ಊರೇ ದಕ್ಷಿಣ ಏಷ್ಯಾ ಕ್ರೀಡಾಕೂಟದ ಸಡಗರದಲ್ಲಿತ್ತು. ಎಲ್ಲಿ ನೋಡಿದರೂ ಕೂಟದ ಲಾಂಛನವಾದ ಟಿಖೋರ್ ಅನ್ನೋ ಘೇಂಡಾಮೃಗದ ಮರಿಯ ಚಿತ್ರ. ಎಂಟು ದೇಶಗಳ ಆಟಗಾರರು ಬಂದಿದ್ದರು. ಕೆಲವು ಆಟಗಳು ಶಿಲ್ಲಾಂಗ್‌ನಲ್ಲಿ, ಅಥ್ಲೆಟಿಕ್ಸ್ ಮಾತ್ರ ನಮ್ಮಲ್ಲೇ, ಸರುಸಜಾಯಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ. 2007ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಮೈದಾನ ಅದು.

ನಾನು ಹೋಗಿದ್ದು ಜಾವೆಲಿನ್ ನೋಡೋಕೆ. ಜೊತೆಗೆ ಬಂದ ಸಹೋದ್ಯೋಗಿಗೆ ಓಟದ ಹುಚ್ಚು. "ಓಟ ಬಿಟ್ಟು ಈಟಿ ಎಸೆಯೋದನ್ನ ಯಾರು ನೋಡ್ತಾರೆ?" ಅಂದ. ನಾನು ನೋಡ್ತೀನಿ. ಹೈಸ್ಕೂಲಿನಲ್ಲಿ ಎರಡು ವರ್ಷ ತಾಲೂಕು ಮಟ್ಟದಲ್ಲಿ ಎಸೆದವನು ನಾನು. ನಮ್ಮದು ಬಿದಿರಿನ ಜಾವೆಲಿನ್. ತುದಿಗೆ ಕಬ್ಬಿಣದ ಮೂತಿ, ಹಿಡಿಯುವ ಜಾಗಕ್ಕೆ ಸುತ್ತಿದ ಹುರಿ. ಪಿ.ಟಿ. ಮೇಷ್ಟ್ರು ದಿನಾ ಒಂದೇ ಮಾತು ಹೇಳುತ್ತಿದ್ದರು, "ಕೈಯಿಂದ ಎಸೀಬೇಡ ಕಣೋ, ಕಾಲಿಂದ ಎಸಿ." ಆಗ ಅದು ನನಗೆ ಅರ್ಥವೇ ಆಗಿರಲಿಲ್ಲ.

ಜಾವೆಲಿನ್ ಬಂದು ಬೀಳುವ ಕಡೆಗೇ ಜಾಗ ಹುಡುಕಿ ಕೂತೆವು. ಈ ಆಟವನ್ನು ಅಲ್ಲಿಂದಲೇ ನೋಡಬೇಕು. ಎಸೆಯುವವನು ದೂರದಲ್ಲಿ ಚಿಕ್ಕದಾಗಿ ಕಾಣುತ್ತಾನೆ, ನಿಜ. ಆದರೆ ಈಟಿ ನಮ್ಮ ಕಡೆಗೇ ಬರುತ್ತದೆ. ಮೊದಲು ಬರೀ ಒಂದು ಚುಕ್ಕೆ. ಆಮೇಲೆ ಗೆರೆ. ಮೂತಿ ಕೆಳಗೆ ಬಾಗಿ ಹುಲ್ಲಿಗೆ ಚುಚ್ಚಿಕೊಂಡ ಮೇಲೂ ಅದರ ಬಾಲ ಗಡಗಡ ನಡುಗುತ್ತಲೇ ಇರುತ್ತದೆ. ಒಬ್ಬರು ಬಿಳಿ ಬಾವುಟ ಎತ್ತುತ್ತಾರೆ. ಇನ್ನೊಬ್ಬರು ಬಗ್ಗಿ, ಮೂತಿ ಮೊದಲು ತಾಗಿದ ಜಾಗಕ್ಕೇ ಅಳತೆಯ ಗುರುತು ಇಡುತ್ತಾರೆ. ಆಮೇಲೆ ಈಟಿಯನ್ನು ಮೆಲ್ಲಗೆ ಕಿತ್ತು, ಮಣ್ಣು ಒರೆಸಿ, ನೆಟ್ಟಗೆ ಹಿಡಿದು ತಂದುಕೊಡುತ್ತಾರೆ. ಹಾಗೆ ಮಣ್ಣು ಒರೆಸುವ ಕೈಗಳನ್ನೇ ನಾನು ಜಾಸ್ತಿ ಹೊತ್ತು ನೋಡಿದ್ದೇನೋ.

ಈಟಿ ಹಾಗೆ ಮೂತಿ ಬಾಗಿಸಿ ಬೀಳೋದಕ್ಕೂ ಒಂದು ಕಥೆ ಇದೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದ. ಇನ್ನೂ ಬೆಳೆದರೆ ಮೈದಾನವೇ ಸಾಲದು ಅನ್ನೋ ಸ್ಥಿತಿ. ಈಟಿ ಅಡ್ಡಡ್ಡ ತೇಲಿ ಬಂದು ಮಲಗಿದಂತೆ ಬೀಳುವುದೂ ಇತ್ತು, ಎಸೆತ ಸರಿಯೋ ತಪ್ಪೋ ಅಂತ ಜಗಳ. ಹಾಗಾಗಿ 1986ರಿಂದ ಪುರುಷರ ಜಾವೆಲಿನ್‌ನ ತೂಕದ ನಡುಬಿಂದುವನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ತೂಕ ಅದೇ 800 ಗ್ರಾಂ. ಆದರೆ ಮೂತಿ ಬೇಗ ಬಾಗಿ ನೆಲ ಹಿಡಿಯುತ್ತದೆ. ಹೊಸ ಜಾವೆಲಿನ್‌ನಲ್ಲಿ ನೂರು ಮೀಟರ್ ದಾಟಿದವರು ಇನ್ನೂ ಯಾರೂ ಇಲ್ಲ.

ಅವತ್ತು ಒಂದು ಎಸೆತ ಬಂತು. ಉಳಿದವು ಬಾಗುವ ಹೊತ್ತಿಗೆ ಅದು ಇನ್ನೂ ಮೇಲೇ ಇತ್ತು. ನನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಎಸೆದವನು ಭಾರತದ ಹುಡುಗ, ವಯಸ್ಸು ಹದಿನೆಂಟು, ಹೆಸರು ನೀರಜ್ ಚೋಪ್ರಾ. 82.23 ಮೀಟರ್. ಆಗಿನ ರಾಷ್ಟ್ರೀಯ ದಾಖಲೆಗೆ ಸರಿಸಮ, ಒಂದು ಸೆಂಟಿಮೀಟರ್ ಹೆಚ್ಚಿಲ್ಲ, ಕಡಿಮೆ ಇಲ್ಲ.

ಮೇಷ್ಟ್ರ ಮಾತು ಅರ್ಥವಾಗಿದ್ದು ಆಗಲೇ. ಅವನ ಎಡಗಾಲನ್ನು ನೋಡಿದೆ. ಓಡಿ ಬಂದ ವೇಗವನ್ನೆಲ್ಲ ಆ ಕಾಲು ಗೂಟ ಹೊಡೆದ ಹಾಗೆ ನೆಲಕ್ಕೆ ಊರಿ ನಿಲ್ಲಿಸಿಬಿಡುತ್ತದೆ. ಕಾಲು ನಿಂತರೂ ವೇಗ ನಿಲ್ಲೋದಿಲ್ಲ. ಸೊಂಟಕ್ಕೆ ಏರುತ್ತದೆ, ಭುಜಕ್ಕೆ, ಮೊಣಕೈಗೆ, ಕೊನೆಗೆ ಬೆರಳಿಗೆ. ಕೈಯದು ಬರೀ ಕೊನೆಯ ಕೆಲಸ. ಮೇಷ್ಟ್ರು ಪಕ್ಕದಲ್ಲಿರಬೇಕಿತ್ತು ಅನ್ನಿಸಿ ಗಂಟಲು ಕಟ್ಟಿತು.

ಜೇಬಿನಲ್ಲಿ ಸದಾ ಒಂದು ಚಿಕ್ಕ ಡೈರಿ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಬರೆದೆ: ನೀರಜ್ ಚೋಪ್ರಾ, 82.23. ರಿಯೋ ಒಲಿಂಪಿಕ್ಸ್‌ಗೆ ಹೋಗಲು 83 ಮೀಟರ್ ಬೇಕಿತ್ತು. 77 ಸೆಂಟಿಮೀಟರ್ ಕಡಿಮೆ. ಸಹೋದ್ಯೋಗಿಗೆ ಎರಡು ಕೈ ಅಗಲಿಸಿ ತೋರಿಸಿದೆ, ನೋಡು, ಇಷ್ಟೇ. ಅವನೂ ಆಗ ಓಟ ಮರೆತಿದ್ದ. ಆ ಜುಲೈ 23ರಂದು ಪೋಲೆಂಡಿನಲ್ಲಿ ನೀರಜ್ 86.48 ಮೀಟರ್ ಎಸೆದು ಇಪ್ಪತ್ತು ವರ್ಷದೊಳಗಿನವರ ವಿಶ್ವ ದಾಖಲೆ ಮಾಡಿದ. ರಿಯೋ ಅರ್ಹತೆಯ ಗಡುವು ಜುಲೈ 11ಕ್ಕೇ ಮುಗಿದಿತ್ತು. ಹನ್ನೆರಡು ದಿನ! ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆದರೆ ನಾನು ಹೇಳಬೇಕೆಂದು ಕೂತಿದ್ದು ಇದಲ್ಲ.

ಭಾರತಕ್ಕೆ ಚಿನ್ನ ಅಂತ ಗೊತ್ತಾದ ಮೇಲೆ ನಾವು ಚಹಾ ಕುಡಿಯಲು ಎದ್ದೆವು. ನಮ್ಮ ಸಾಲಿನಲ್ಲಿ ಇನ್ನೂ ಎಷ್ಟೋ ಜನ ಎದ್ದರು. ಮೂರನೇ ಸ್ಥಾನ ಪಾಕಿಸ್ತಾನದವನಿಗೆ ಅಂತ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಹೆಸರು ಕೇಳಲಿಲ್ಲ. ಎಷ್ಟು ದೂರ ಎಸೆದ ಅಂತಲೂ ಕೇಳಲಿಲ್ಲ. ಪದಕ ಕೊಡುವಾಗ ಮೂರು ಜನರೂ ಅಕ್ಕಪಕ್ಕ ನಿಂತಿರುತ್ತಾರಲ್ವಾ, ಅದನ್ನೂ ನೋಡಲಿಲ್ಲ. ಜಾವೆಲಿನ್ ಅಂದರೆ ಪ್ರಾಣ ಅನ್ನುತ್ತಿದ್ದ ನಾನು ಅವತ್ತು ನೋಡಿದ್ದು ಒಬ್ಬನನ್ನು ಮಾತ್ರ.

ವರ್ಷಗಳು ಕಳೆದವು. ನಾನು ಕರ್ನಾಟಕಕ್ಕೆ ವಾಪಸ್ ಬಂದೆ. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನೀರಜ್ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಮನೆಯಲ್ಲಿ ಎಲ್ಲರಿಗೂ ಆ ಡೈರಿ ತೋರಿಸಿದೆ. ಮಗಳು ಫೋಟೋ ತೆಗೆದಳು.

2024ರ ಆಗಸ್ಟ್ 8, ಪ್ಯಾರಿಸ್. ನಮಗೆ ನಡುರಾತ್ರಿ. ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದ. ಒಲಿಂಪಿಕ್ ದಾಖಲೆ. ಟಿವಿ ಮುಂದೆ ನಾನು ಮತ್ತೆ ಎದ್ದು ನಿಂತಿದ್ದೆ, ಗುವಾಹಟಿಯಲ್ಲಿ ನಿಂತ ಹಾಗೆ. ನೀರಜ್ 89.45 ಎಸೆದು ಬೆಳ್ಳಿ ಗೆದ್ದ. ನಮ್ಮವನು ಸೋತ ಅನ್ನೋ ನೋವಿತ್ತು. ಆದರೆ ಅರ್ಷದ್‌ನ ಆ ಎಸೆತ ಕಣ್ಣು ತುಂಬಿತ್ತು, ಸುಮ್ನೆ ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಅರ್ಷದ್ ಬಗ್ಗೆ ಓದುತ್ತಾ ಕೂತಾಗ ಕಣ್ಣಿಗೆ ಬಿತ್ತು: 2016, ಗುವಾಹಟಿ, ಕಂಚು, 78.33 ಮೀಟರ್. ಅದು ಆಗ ಪಾಕಿಸ್ತಾನದ ರಾಷ್ಟ್ರೀಯ ದಾಖಲೆ. ಅವನಿಗಾಗ ಹತ್ತೊಂಬತ್ತು ವರ್ಷ.

ಅದೇ ದಿನ, ಅದೇ ಹುಲ್ಲು. ಅವನ ಈಟಿಯೂ ನನ್ನ ಕಡೆಗೇ ಬಂದು, ನನ್ನ ಕಣ್ಣೆದುರೇ ನಾಟಿ, ಬಾಲ ನಡುಗಿಸಿರಬೇಕು. ಅದರ ಮಣ್ಣನ್ನೂ ಯಾರೋ ಒರೆಸಿರಬೇಕು. ನಾನು ಅಲ್ಲೇ ಕೂತಿದ್ದೆ. ಎಷ್ಟು ಯೋಚಿಸಿದರೂ ಆ ಎಸೆತ ನೆನಪಿಗೆ ಬರುತ್ತಿಲ್ಲ.

ಹಳೇ ಡೈರಿ ತೆಗೆದೆ. ಶಾಯಿ ಸ್ವಲ್ಪ ಮಾಸಿದೆ. 82.23ರ ಕೆಳಗೆ ಜಾಗ ಖಾಲಿ ಇತ್ತು. ಅಲ್ಲಿ ಬರೆದೆ: ಅರ್ಷದ್ ನದೀಮ್, 78.33.