ಒಂದು ಹೊಡೆತಕ್ಕೆ ತಪ್ಪಿದ ಶನಿವಾರ

12 ಏಪ್ರಿಲ್ 2025, ಶನಿವಾರ

ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಅವರ ಕೊನೆಯ ಮಾಸ್ಟರ್ಸ್ (ಅಮೆರಿಕದ ಅಗಸ್ಟಾದಲ್ಲಿ ಪ್ರತಿ ವರ್ಷ ನಡೆಯುವ ದೊಡ್ಡ ಟೂರ್ನಿ) ನಿನ್ನೆ ಮುಗಿಯಿತು. ಗುರುವಾರ 74, ಶುಕ್ರವಾರ 73. ಒಟ್ಟು 147 ಹೊಡೆತ, ಪಾರ್‌ಗಿಂತ (ಅಂಗಳಕ್ಕೆ ಗೊತ್ತುಮಾಡಿದ ಹೊಡೆತಗಳಿಗಿಂತ) ಮೂರು ಹೆಚ್ಚು. ಕಟ್, ಅಂದರೆ ಕೊನೆಯ ಎರಡು ದಿನ ಆಡಲು ದಾಟಬೇಕಾದ ಗೆರೆ, ನಿಂತದ್ದು ಎರಡು ಹೆಚ್ಚಿಗೆ. ಒಂದೇ ಒಂದು ಹೊಡೆತ ಉಳಿಸಿದ್ದರೆ ಇವತ್ತೂ ನಾಳೆಯೂ ಆಡುತ್ತಿದ್ದರು, 67ರ ವಯಸ್ಸಿನಲ್ಲಿ ಮಾಸ್ಟರ್ಸ್ ಕಟ್ ದಾಟಿದ ಅತಿ ಹಿರಿಯರಾಗುತ್ತಿದ್ದರು. ಆ ದಾಖಲೆ ಈಗಿರುವುದು ಫ್ರೆಡ್ ಕಪಲ್ಸ್ ಹೆಸರಿನಲ್ಲಿ: 2023ರಲ್ಲಿ, 63ನೇ ವಯಸ್ಸಿಗೆ. ಅವರಿಗಿಂತ ಮುಂಚೆ ಅದು ಲ್ಯಾಂಗರ್ ಅವರದೇ ಆಗಿತ್ತು, 2020ರ ನವೆಂಬರ್‌ನಲ್ಲಿ. ಆಗ ಅವರಿಗೂ 63 ನಡೆಯುತ್ತಿತ್ತು.

ಆ ಒಂದು ಹೊಡೆತ ಎಲ್ಲಿ ಹೋಯಿತು? 15ನೇ ಹೋಲ್‌ನಲ್ಲಿ ಡಬಲ್ ಬೋಗಿ (ಪಾರ್‌ಗಿಂತ ಎರಡು ಹೆಚ್ಚು), 18ರಲ್ಲಿ ಬೋಗಿ (ಒಂದು ಹೆಚ್ಚು). 15 ಪಾರ್ ಐದು. ದೂರ ಹೊಡೆಯುವವರಿಗೆ ಅದು ಎರಡೇ ಹೊಡೆತಕ್ಕೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟುವ ಹೋಲ್, ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಬಾರದಿದ್ದರೆ ಬೇಜಾರು. ದೂರ ಇಲ್ಲದವರು ಮಾತ್ರ ಎರಡನೆಯದನ್ನು ಕೊಳದ ಈಚೆಗೇ ನಿಲ್ಲಿಸಬೇಕು. ಮೂರನೆಯದು ಇಳಿಜಾರಿನ ಮೇಲೆ ನಿಂತು ವೆಜ್‌ನಿಂದ (ಚೆಂಡನ್ನು ಎತ್ತರಕ್ಕೆ ಚಿಮ್ಮಿಸುವ ಕ್ಲಬ್) ಆಡುವ ಹೊಡೆತ: ಕಾಲ ಕೆಳಗಿನ ನೆಲ ಗುರಿಯ ಕಡೆಗೆ ಜಾರುತ್ತಿರುತ್ತದೆ, ಗ್ರೀನ್ ಅಗಲಕ್ಕಿದೆ ಆದರೆ ಆಳ ಕಡಿಮೆ, ಮುಂದಿನ ಏರಿಯ ಹುಲ್ಲನ್ನು ಬೋಳಿಸಿಟ್ಟಿರುತ್ತಾರೆ. ಒಂದೆರಡು ಗಜ ಕಮ್ಮಿಯಾದರೆ ಚೆಂಡು ಹಿಂದಕ್ಕೆ ಉರುಳಿ ನೀರಿಗೆ. ಹತ್ತಿರದ ಹೊಡೆತವೇ ಕಷ್ಟದ ಹೊಡೆತವಾಗುವ ಜಾಗ ಅದು.

18ರ ಗ್ರೀನಿಗೆ ಅವರು ಏರಿ ಬರುವಾಗ ಸುತ್ತ ಕೂತವರೆಲ್ಲ ಎದ್ದು ನಿಂತರು. ಅಗಸ್ಟಾದಲ್ಲಿ ಪ್ರೇಕ್ಷಕರಿಗೆ ಮೊಬೈಲ್ ನಿಷಿದ್ಧ. ಎರಡು ಕೈಯೂ ಖಾಲಿ ಇರುವುದರಿಂದ ಅಲ್ಲಿಯ ಚಪ್ಪಾಳೆ ಬೇರೆ ಕಡೆಯದಕ್ಕಿಂತ ದಪ್ಪ. ಪಾರ್‌ಗಾಗಿ ಆಡಿದ ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಕುಳಿಗೆ ಇಳಿಯಲಿಲ್ಲ. ಆ ಪಟ್ ಬಿದ್ದಿದ್ದರೆ ಕಟ್ ಸಿಗುತ್ತಿತ್ತು.

ಇನ್ನೊಂದು ಕಾಕತಾಳೀಯ. ಅವರು ಎರಡನೇ ಬಾರಿ ಮಾಸ್ಟರ್ಸ್ ಗೆದ್ದದ್ದು 1993ರ ಏಪ್ರಿಲ್ 11, ಈಸ್ಟರ್ ಭಾನುವಾರ. ವಿದಾಯದ ಸುತ್ತು 2025ರ ಏಪ್ರಿಲ್ 11. ಸರಿಯಾಗಿ 32 ವರ್ಷ. ನಿಜವಾಗಿ ಈ ವಿದಾಯ ಕಳೆದ ವರ್ಷವೇ ಆಗಬೇಕಿತ್ತು. 2024ರ ಫೆಬ್ರವರಿ 1ರಂದು ಪಿಕಲ್‌ಬಾಲ್ ಆಡುವಾಗ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. ಮೂರೇ ತಿಂಗಳಿಗೆ ಹಿರಿಯರ ಟೂರ್‌ಗೆ ಮರಳಿದರು. ಅಲ್ಲಿ ಬಂಡಿಯಲ್ಲಿ ಓಡಾಡಬಹುದು. ಮಾಸ್ಟರ್ಸ್‌ನಲ್ಲಿ ನಡೆಯಲೇಬೇಕು, ಅಗಸ್ಟಾ ಟಿವಿಯಲ್ಲಿ ಕಾಣುವಷ್ಟು ಸಪಾಟೂ ಅಲ್ಲ. 10ನೇ ಹೋಲ್ ಒಂದೇ ನೂರು ಅಡಿಗೂ ಮಿಕ್ಕಿ ಇಳಿಯುತ್ತದೆ. ಇಳಿದಷ್ಟನ್ನು ವಾಪಸು ಹತ್ತಬೇಕಲ್ಲ.

ಲ್ಯಾಂಗರ್ ಅಭಿಮಾನಿಗಳದ್ದು ಒಂದು ಬೇರೆಯೇ ಜಾತಿ. ಕಪಲ್ಸ್ ಸ್ವಿಂಗ್ ನೋಡಿದರೆ ಗಾಲ್ಫ್ ತಿಳಿಯದವರೂ ಆಹಾ ಎನ್ನುತ್ತಾರೆ. ಸೆವೆ ಬ್ಯಾಲೆಸ್ಟರೋಸ್ ಮರದ ಹಿಂದಿನಿಂದ ಚೆಂಡು ತೆಗೆದರೆ ಊರೇ ಕುಣಿಯುತ್ತಿತ್ತು. ಲ್ಯಾಂಗರ್ ಹಾಗೆ ಕುಣಿಸಿದವರಲ್ಲ. ಅವರನ್ನು ಮೆಚ್ಚುವವರು ಲೆಕ್ಕಕ್ಕೆ ತಲೆದೂಗುವವರು, ಕೆಟ್ಟ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸುವುದನ್ನು ನಿಂತು ನೋಡುವವರು. ಚೀಲ ಹೊರುವ ಸಹಾಯಕ, ಕ್ಯಾಡಿ ಪೀಟರ್ ಕೋಲ್ಮನ್, ನೆಲದಲ್ಲಿ ಹುದುಗಿದ ನೀರಿನ ಸ್ಪ್ರಿಂಕ್ಲರ್ ಮುಚ್ಚಳದಿಂದ ಇಷ್ಟು ಗಜ ಅಂದರೆ, ಮುಚ್ಚಳದ ಮುಂದಿನ ಅಂಚಿನಿಂದಲೋ ಹಿಂದಿನ ಅಂಚಿನಿಂದಲೋ ಎಂದು ಲ್ಯಾಂಗರ್ ಕೇಳಿದರಂತೆ. ಬಾಯಿಂದ ಬಾಯಿಗೆ ಬಂದ ಕಥೆ, ತಮಾಷೆಗೆ ಹೇಳುವಂಥದ್ದು. ಅವರ ಅಭಿಮಾನಿಗಳು ಮಾತ್ರ ಅದನ್ನು ಹೊಗಳಿಕೆ ಎಂದೇ ಹೇಳುತ್ತಾರೆ.

ಲ್ಯಾಂಗರ್ ಗಾರೆ ಮೇಸ್ತ್ರಿಯ ಮಗ. ಬವೇರಿಯಾದ ಆಗ್ಸ್‌ಬರ್ಗ್ ಬಳಿಯ ಆನ್‌ಹೌಸನ್ ಎಂಬ ಹಳ್ಳಿಯಲ್ಲಿ 1957ರ ಆಗಸ್ಟ್ 27ರಂದು ಹುಟ್ಟಿದವರು, ಚಿಕ್ಕಂದಿನಲ್ಲೇ ಕ್ಯಾಡಿಯಾಗಿ ಚೀಲ ಹೊತ್ತವರು. 1985ರ ಮಾಸ್ಟರ್ಸ್ ಗೆದ್ದಾಗ ಮೈಮೇಲೆ ಕೆಂಪು ಬಟ್ಟೆ, ಅದರ ಮೇಲೆ ಗೆದ್ದವರಿಗೆ ತೊಡಿಸುವ ಹಸಿರು ಕೋಟು. ಆ ಬಣ್ಣದ ಗಲಾಟೆಯನ್ನು ನೆನೆದು ಅಭಿಮಾನಿಗಳು ಇಂದಿಗೂ ನಗುತ್ತಾರೆ. 1986ರ ಏಪ್ರಿಲ್‌ನಲ್ಲಿ ಅಧಿಕೃತ ವಿಶ್ವ ರ‍್ಯಾಂಕಿಂಗ್ ಮೊದಲ ಬಾರಿ ಪ್ರಕಟವಾದಾಗ ಒಂದನೇ ಸ್ಥಾನದಲ್ಲಿ ಇದ್ದದ್ದೂ ಇವರೇ. ಯುರೋಪಿಯನ್ ಟೂರ್‌ನಲ್ಲಿ 42 ಗೆಲುವು. ಮುಂದಿರುವುದು 50 ಗೆದ್ದ ಸೆವೆ ಒಬ್ಬರೇ.

ಇಷ್ಟೆಲ್ಲ ಗೆದ್ದ ಈ ಮನುಷ್ಯನಿಗೆ ಮೂರಡಿಯ ಪಟ್ ಹಾಕಲು ಬಾರದ ಕಾಲವಿತ್ತು. ಒಂದಲ್ಲ, ನಾಲ್ಕು ಸಲ.

ಇದಕ್ಕೆ ಯಿಪ್ಸ್ ಎಂದು ಹೆಸರು. ಅದು ಬರೀ ಹೆದರಿಕೆ ಎಂದುಕೊಂಡವರು ಬಹಳ. ಚೆಂಡಿಗೆ ತಾಗುವ ಕ್ಷಣಕ್ಕೆ ಮಣಿಕಟ್ಟು ತನ್ನಷ್ಟಕ್ಕೆ ಸೆಟೆಯುತ್ತದೆ ಅಥವಾ ಚಿಮ್ಮುತ್ತದೆ. ಮೂರಡಿಯ ಪಟ್ ಕುಳಿಯಿಂದ ಐದಡಿ ಆಚೆ ಹೋಗಿ ನಿಲ್ಲುತ್ತದೆ. ಉದ್ದದ ಪಟ್‌ನಲ್ಲಿ ಇದು ಅಷ್ಟು ಕಾಣುವುದಿಲ್ಲ, ಏಕೆಂದರೆ ಅಲ್ಲಿ ತೋಳು ದೊಡ್ಡದಾಗಿ ಬೀಸುತ್ತದೆ. ಚಿಕ್ಕ ಪಟ್‌ನಲ್ಲಿ ಬೀಸುವುದು ಅರ್ಧ ಅಡಿ, ಅದರೊಳಗೆ ಒಂದು ಸೆಟೆತ ಬಂದರೆ ಮುಗಿಯಿತು. ಮೇಯೊ ಕ್ಲಿನಿಕ್‌ನ ಸಂಶೋಧಕರು ಇದನ್ನು ಎರಡಾಗಿ ವಿಂಗಡಿಸಿದ್ದಾರೆ: ಒಂದೇ ಕೆಲಸವನ್ನು ಲಕ್ಷಾಂತರ ಸಲ ಮಾಡಿದ ಸ್ನಾಯುಗಳಿಗೆ ಬರುವ ಡಿಸ್ಟೋನಿಯಾ (ತಾನಾಗಿ ಬಿಗಿಯುವ ತೊಂದರೆ) ಒಂದು, ಒತ್ತಡಕ್ಕೆ ಕೈ ಕಟ್ಟಿಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಧೈರ್ಯ ಹೇಳಿ ಉಪಯೋಗವಿಲ್ಲ. ಕೈ ಇಡುವ ರೀತಿಯನ್ನೇ ಬದಲಿಸಿದರೆ ಮಿದುಳಿಗೆ ಅದು ಹೊಸ ಕೆಲಸದಂತೆ ಕಾಣುತ್ತದೆ, ಹಳೆಯ ಸೆಟೆತ ಅಲ್ಲಿಗೆ ಬರುವುದಿಲ್ಲ. ಸ್ವಲ್ಪ ಬದಲಿಸಿದರೆ ಸಾಲದು, ಪೂರ್ತಿ ಬದಲಾಗಬೇಕು. ಹಳೆ ಹಿಡಿತದ ನೆನಪೇ ಕೈಗೆ ಬಾರದಂತಿರಬೇಕು.

ಲ್ಯಾಂಗರ್ ಮಾಡಿದ್ದು ಇದನ್ನೇ. ಜರ್ಮನಿಯ ನಿಧಾನದ ಗ್ರೀನ್‌ಗಳಲ್ಲಿ ಕಲಿತ ಹುಡುಗ ಟೂರ್‌ನ ವೇಗದ ಗ್ರೀನ್‌ಗಳಿಗೆ ಬಂದಾಗ ಮೊದಲ ಸಲ ಕೈ ಕೆಟ್ಟಿತು. 1980ರಲ್ಲಿ ಇಂಗ್ಲೆಂಡಿನ ಸನ್ನಿಂಗ್‌ಡೇಲ್ ಕ್ಲಬ್ಬಿನ ಅಂಗಡಿಯಲ್ಲಿ ಸಿಕ್ಕ ಹೆಂಗಸರ ಪಟರ್ (ಪಟ್ ಹೊಡೆಯುವ ಕೋಲು) ಒಂದು ಅವರನ್ನು ಮೇಲೆತ್ತಿತು. ಅದೇ ವರ್ಷ ಡನ್‌ಲಪ್ ಮಾಸ್ಟರ್ಸ್ ಗೆದ್ದರು, ಯುರೋಪಿಯನ್ ಟೂರ್‌ನ ಮೊದಲ ಗೆಲುವು. 1982ರಲ್ಲಿ ಮತ್ತೆ ಕೆಟ್ಟಿತು. ಬಲಗೈಯ ಕೆಳಗೆ ಎಡಗೈ ಇಡಲು ಶುರು ಮಾಡಿದರು. 1985ರ ಮಾಸ್ಟರ್ಸ್ ಗೆದ್ದದ್ದು ಎರಡು ಬಗೆಯ ಹಿಡಿತದಿಂದ: ದೂರದ ಪಟ್‌ಗೆ ಮಾಮೂಲಿನದು, ಹತ್ತಿರದ ಪಟ್‌ಗೆ ಅಡ್ಡಗೈಯದು. ಕ್ರಿಕೆಟ್ ಬಲ್ಲವರು ಒಬ್ಬನೇ ಆಟಗಾರ ಸ್ಪಿನ್‌ಗೆ ಬಲಗೈಯಲ್ಲೂ ವೇಗಕ್ಕೆ ಎಡಗೈಯಲ್ಲೂ ಆಡಿದಂತೆ ಎಂದುಕೊಳ್ಳಬಹುದು. 1988ರಲ್ಲಿ ಮೂರನೇ ಸಲ. ಆಗ ಹುಟ್ಟಿದ್ದು ಎಲ್ಲಕ್ಕಿಂತ ವಿಚಿತ್ರ ಹಿಡಿತ: ಎಡಗೈ ಪಟರ್‌ನ ಹಿಡಿಕೆಯಲ್ಲಿ ತುಂಬ ಕೆಳಗೆ, ಹಿಡಿಕೆಯ ಮೇಲಿನ ತುದಿ ಎಡ ಮುಂಗೈಗೆ ಒತ್ತಿಕೊಂಡು, ಬಲಗೈ ಆ ಮುಂಗೈಯನ್ನೂ ಹಿಡಿಕೆಯನ್ನೂ ಸೇರಿಸಿ ಹಿಡಿಯುತ್ತದೆ. ಮುರಿದ ಕೈಗೆ ದಬ್ಬೆ ಕಟ್ಟಿದಂತೆ. ಎಡ ಮಣಿಕಟ್ಟು ಬಾಗಲು ಜಾಗವೇ ಇಲ್ಲ. ನೋಡಿದವರು ನಕ್ಕರು. ಆ ದಬ್ಬೆಗೈಯೊಂದಿಗೇ 1993ರಲ್ಲಿ 277 ಹೊಡೆದು ನಾಲ್ಕು ಹೊಡೆತಗಳ ಅಂತರದಿಂದ ಮಾಸ್ಟರ್ಸ್ ಗೆದ್ದರು. ಭಾನುವಾರ 13ರಲ್ಲಿ ಈಗಲ್ (ಪಾರ್‌ಗಿಂತ ಎರಡು ಕಡಿಮೆ) ಸಹಿತ.

ಇದರ ನಡುವೆ 1991. ಅಮೆರಿಕದ ಕಿಯಾವಾ ದ್ವೀಪದಲ್ಲಿ ಯುರೋಪ್ ಮತ್ತು ಅಮೆರಿಕ ತಂಡಗಳ ನಡುವಿನ ರೈಡರ್ ಕಪ್, ಕೊನೆಯ ಪಂದ್ಯ, ಕೊನೆಯ ಗ್ರೀನ್, ಎದುರಿಗೆ ಹೇಲ್ ಇರ್ವಿನ್. ಆರಡಿಯ ಪಟ್. ಬಿದ್ದರೆ 14–14, ಕಪ್ ಯುರೋಪಿನಲ್ಲೇ ಉಳಿಯುತ್ತದೆ. ಬೀಳಲಿಲ್ಲ, 14½–13½ಕ್ಕೆ ಅಮೆರಿಕ ಗೆದ್ದಿತು. ಕೈ ಸೆಟೆಯಿತು ಎಂದು ಸುಮ್ಮನೆ ಹೇಳುವವರಿದ್ದಾರೆ. ದಾರಿಯಲ್ಲಿ ಶೂ ಮೊಳೆಗಳೆಬ್ಬಿಸಿದ ಹುಲ್ಲಿನ ಗುಬುಟು ಇತ್ತು ಎಂಬುದನ್ನು ಮರೆಯುತ್ತಾರೆ. ಇಳಿಜಾರಿಗೆ ತಕ್ಕಂತೆ ಎಡಕ್ಕೆ ಗುರಿಯಿಟ್ಟರೆ ಚೆಂಡು ಅದಕ್ಕೆ ಬಡಿಯುತ್ತಿತ್ತು. ಹಾಗಾಗಿ ನೇರವಾಗಿ, ಗಟ್ಟಿಯಾಗಿ ಹೊಡೆಯುವುದೆಂದು ನಿರ್ಧಾರವಾಯಿತು. ಚೆಂಡು ಬಲಕ್ಕೆ ಸರಿಯಿತು. ಅಂದಿನ ನಿಯಮದಂತೆ ಚೆಂಡು ಬಿದ್ದ ಗುಳಿಯನ್ನು ಸರಿಮಾಡಬಹುದಿತ್ತು, ಮೊಳೆಯ ಗುರುತನ್ನು ಮುಟ್ಟುವಂತಿರಲಿಲ್ಲ. 2019ರ ಹೊಸ ನಿಯಮಗಳಲ್ಲಿ ಎರಡನ್ನೂ ತಟ್ಟಿ ಸಮ ಮಾಡಬಹುದು. ಇಂದಾಗಿದ್ದರೆ ಪಟರ್‌ನ ತಳದಿಂದ ನಾಲ್ಕು ತಟ್ಟು ತಟ್ಟಿ ಆಡುತ್ತಿದ್ದರು.

ಮರುವಾರವೇ ಜರ್ಮನ್ ಮಾಸ್ಟರ್ಸ್. ಕೊನೆಯ ಹೋಲ್‌ನಲ್ಲಿ ಆರಡಿಗಿಂತ ಎಷ್ಟೋ ಉದ್ದದ ಪಟ್ ಹಾಕಿ ಪ್ಲೇಆಫ್‌ಗೆ (ಸಮವಾದಾಗಿನ ಹೆಚ್ಚುವರಿ ಆಟ) ಹೋದರು, ಗೆದ್ದರು. ಅಭಿಮಾನಿಗಳನ್ನು ಕೇಳಿ ನೋಡಿ, ಎರಡು ಹಸಿರು ಕೋಟುಗಳಿಗಿಂತ ಈ ಒಂದು ವಾರವನ್ನೇ ಮೊದಲು ಹೇಳುವವರು ಹೆಚ್ಚು. ಅದು ಸರಿಯೂ ಹೌದು.

1996ರಲ್ಲಿ ನಾಲ್ಕನೇ ಸಲ ಕೈ ಕೆಟ್ಟಾಗ ಬಂದದ್ದು ಉದ್ದ ಪಟರ್, ಕಸಬರಿಗೆ ಕೋಲಿನಂತೆ ಹಿಡಿಯುವುದು. 1997ರಲ್ಲಿ ಟೂರ್‌ನಲ್ಲಿ ನಾಲ್ಕು ಗೆಲುವು. ನಿನ್ನೆ 18ರ ಗ್ರೀನ್‌ವರೆಗೂ ಕೈಯಲ್ಲಿದ್ದದ್ದು ಇದೇ ಬಗೆಯ ಕೋಲು.

ಇದನ್ನು ಅನುಕರಿಸ ಹೊರಟವರು ತಪ್ಪು ಮಾಡುವುದು ಅಳತೆಯಲ್ಲಿ. ಮಾಮೂಲಿ ಪಟರ್ 33ರಿಂದ 35 ಇಂಚು, ಇದು 46ರಿಂದ 50. ಇತರ ಕ್ಲಬ್‌ಗಳಿಗಿರುವ 48 ಇಂಚಿನ ಮಿತಿ ಪಟರ್‌ಗೆ ಅನ್ವಯಿಸುವುದಿಲ್ಲ. ಎದೆಯ ಎತ್ತರಕ್ಕೆ ಮೇಲಿನ ಕೈ ಬರುವಷ್ಟಿರಬೇಕು. ಗಿಡ್ಡವಾದರೆ ಬೆನ್ನು ಬಾಗಿ ಮೊಣಕೈ ಪಕ್ಕೆಗೆ ಅಂಟುತ್ತದೆ. ತಲೆ ಹಗುರವಾಗಿದ್ದರೆ ಆಗದು. ಮಾಮೂಲಿನದು 350 ಗ್ರಾಂ ಆಸುಪಾಸು ಇರುತ್ತದೆ, ಉದ್ದದ್ದಕ್ಕೆ 400 ದಾಟಿರಬೇಕು, ಇಲ್ಲವಾದರೆ ಲೋಲಕದಂತೆ ತಾನಾಗಿ ತೂಗದೆ ಕೆಳಗಿನ ಕೈ ತಳ್ಳಲು ಶುರುಮಾಡುತ್ತದೆ. ತಳ್ಳಿದರೆ ಚೆಂಡು ದಾರಿ ತಪ್ಪುತ್ತದೆ. ಕೆಳಗಿನ ಕೈಯ ಕೆಲಸ ಪೆನ್ನು ಹಿಡಿದಷ್ಟೇ. ಇನ್ನು, ಕೋಲು ನೆಟ್ಟಗೆ ಕಂಬದಂತೆ ನಿಲ್ಲುವ ಹಾಗಿಲ್ಲ; ಲಂಬದಿಂದ ಕನಿಷ್ಠ 10 ಡಿಗ್ರಿ ವಾಲಿರಬೇಕೆಂಬುದು ನಿಯಮ. ಹತ್ತಿರದ ಪಟ್‌ಗೆ ಇದು ದೇವರು ಕೊಟ್ಟ ಆಯುಧ. 40 ಅಡಿ ದಾಟಿದರೆ ದೂರದ ಅಂದಾಜು ತಪ್ಪುತ್ತದೆ. ಬೆಂಗಳೂರಿನ ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ, ಅದೂ ಮಳೆಗಾಲದಲ್ಲಿ ವೇಗ ಕುಸಿದಾಗ, ಇದು ಇನ್ನೂ ಹೆಚ್ಚು ಕಾಡುತ್ತದೆ. ಅಗಸ್ಟಾದ ಬೆಂಟ್ ಹುಲ್ಲಿನ ಮೇಲೆ ತೂಗಿಬಿಟ್ಟರೆ ಸಾಕು, ಇಲ್ಲಿ ನೂಕಬೇಕು.

2016ರ ಜನವರಿ 1ರಿಂದ ಪಟರ್ ಅನ್ನಾಗಲಿ ಅದನ್ನು ಹಿಡಿದ ಕೈಯನ್ನಾಗಲಿ ಮೈಗೆ ಒತ್ತಿ ಊರುವುದು ನಿಷಿದ್ಧವಾಯಿತು. ಉದ್ದ ಪಟರ್ ನಿಷಿದ್ಧವಲ್ಲ, ಊರುವುದಷ್ಟೇ. ಮುಂಗೈಯನ್ನು ಎದೆಗೆ ಒತ್ತಿ ಆಸರೆ ಮಾಡಿಕೊಳ್ಳುವುದೂ ಇಲ್ಲ. ಕೋಲನ್ನು ಮುಂಗೈಗೆ ಒತ್ತಿಕೊಳ್ಳುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಅಂದರೆ ಜನ ನಕ್ಕ ಆ ದಬ್ಬೆಗೈ ಇವತ್ತಿಗೂ ಕಾನೂನುಬದ್ಧ. ಅಮೆರಿಕದ ಆಟಗಾರ ಬ್ರೈಸನ್ ಡಿಶಾಂಬೊ ಈಗ ಪಟರ್ ಅನ್ನು ಎಡ ಮುಂಗೈಗೆ ಆನಿಸಿ ಆಡುವುದು ಅದೇ ವಂಶದ್ದು. 2020ರ ಮಾಸ್ಟರ್ಸ್‌ನ ಭಾನುವಾರ ಇಬ್ಬರೂ ಜೊತೆಯಾಗಿ ಆಡಿದರು. ಡ್ರೈವ್‌ನಲ್ಲಿ (ಹೋಲ್‌ನ ಮೊದಲ ದೂರದ ಹೊಡೆತ) ಲ್ಯಾಂಗರ್ ಎಲ್ಲೋ ಹಿಂದೆ. ಕಾರ್ಡಿನಲ್ಲಿ ಲ್ಯಾಂಗರ್ 71, ಡಿಶಾಂಬೊ 73.

ನಿಷೇಧದ ನಂತರ ಲ್ಯಾಂಗರ್ ಕೋಲು ಬಿಡಲಿಲ್ಲ, ಮೇಲಿನ ಕೈಯನ್ನು ಎದೆಯಿಂದ ಈಚೆಗೆ ತಂದರು. ಅಭ್ಯಾಸದ ತೂಗುವಿಕೆಯಲ್ಲಿ ಎದೆಗೆ ತಾಗಿಸಿ, ನಿಜವಾದ ಪಟ್‌ಗೆ ಮುಂಚೆ ಸರಿಸುತ್ತಿದ್ದುದರಿಂದ ಅನುಮಾನಗಳು ಎದ್ದವು. 2017ರಲ್ಲಿ ಗಲಾಟೆ ಜೋರಾದಾಗ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ, ನಿಯಮ ಉಲ್ಲಂಘನೆ ಆಗಿಲ್ಲವೆಂದು ಅವರ ಪರವಾಗಿ ಹೇಳಿಕೆ ಕೊಟ್ಟಿತು. ಟೀಕಿಸುವವರು ಇನ್ನೂ ಇದ್ದಾರೆ. ಅಭಿಮಾನಿಗಳಲ್ಲೂ ಕೆಲವರು ಆ ಎದೆಗೆ ತಾಗಿಸುವ ಅಭ್ಯಾಸ ಬಿಟ್ಟಿದ್ದರೆ ಮಾತೇ ಇರುತ್ತಿರಲಿಲ್ಲ ಎನ್ನುತ್ತಾರೆ. ನ್ಯಾಯವಾದ ಮಾತು.

ಐವತ್ತು ದಾಟಿದವರ ಚಾಂಪಿಯನ್ಸ್ ಟೂರ್‌ನಲ್ಲಿ ಹೇಲ್ ಇರ್ವಿನ್ ಅವರ 45 ಗೆಲುವಿನ ದಾಖಲೆಯನ್ನು ಯಾರೂ ಮುಟ್ಟಲಾರರು ಎಂದೇ ಎಲ್ಲರ ಲೆಕ್ಕವಾಗಿತ್ತು. ಹೌದು, ಕಿಯಾವಾದಲ್ಲಿ ಎದುರಿಗಿದ್ದ ಅದೇ ಇರ್ವಿನ್. 2023ರ ಫೆಬ್ರವರಿಯಲ್ಲಿ ಲ್ಯಾಂಗರ್ ಸಮ ಮಾಡಿದರು, ಜುಲೈನಲ್ಲಿ ವಿಸ್ಕಾನ್ಸಿನ್‌ನ ಸೆಂಟ್ರಿವರ್ಲ್ಡ್‌ನಲ್ಲಿ ಯುಎಸ್ ಸೀನಿಯರ್ ಓಪನ್ ಗೆದ್ದು ಮುರಿದರು. ಅದು ಅವರ 12ನೇ ಸೀನಿಯರ್ ಮೇಜರ್ (ಹಿರಿಯರ ಅತಿ ದೊಡ್ಡ ಟೂರ್ನಿಗಳಲ್ಲೊಂದು) ಕೂಡ. 2024ರ ನವೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ 47ನೆಯದು, ಕೊನೆಯ ಹೋಲ್‌ನಲ್ಲಿ ಸುಮಾರು 30 ಅಡಿಯ ಬರ್ಡಿ ಪಟ್ ಹಾಕಿ, ಒಂದು ಹೊಡೆತದ ಅಂತರದಲ್ಲಿ. 2007ರಿಂದ 2024ರವರೆಗೆ ಗೆಲುವಿಲ್ಲದ ಒಂದು ವರ್ಷವೂ ಇಲ್ಲ.

ಮಾಸ್ಟರ್ಸ್ ಅಂಗಳ ಮಾತ್ರ ಅವರ ಕೈ ಮೀರಿ ಬೆಳೆಯಿತು. ಮೊದಲ ಸಲ ಗೆದ್ದಾಗ 7,000 ಗಜಕ್ಕಿಂತ ಕಡಿಮೆ, 2025ರಲ್ಲಿ 7,555. ಅವರು ಎರಡು ಬಾರಿ ಈಗಲ್ ಹೊಡೆದು ಗೆಲುವಿಗೆ ದಾರಿ ಮಾಡಿಕೊಂಡ 13ನೇ ಹೋಲ್ 2023ರಿಂದ 545 ಗಜ. ಬೇರೆಯವರು ಎಂಟು ಒಂಬತ್ತನೇ ಐರನ್ ಹಿಡಿಯುವ ಕಡೆ ಅವರದು ದೂರದ ಹೊಡೆತಕ್ಕಿರುವ ಹೈಬ್ರಿಡ್, ಇಲ್ಲವೇ ವುಡ್. ಅವುಗಳಿಂದ ಬಂದ ಚೆಂಡು ಚಪ್ಪಟೆಯಾಗಿ ಬೀಳುತ್ತದೆ, ಗಟ್ಟಿ ಗ್ರೀನ್ ಮೇಲೆ ನಿಲ್ಲದೆ ಮುಂದಕ್ಕೆ ಓಡುತ್ತದೆ. ಅಂಥಲ್ಲಿ ಎರಡು ದಿನಕ್ಕೆ 147.

ಹಿರಿಯರ ಟೂರ್ ಮುಂದುವರಿಯುತ್ತದೆ. ನೋಡುವವರು ಚೆಂಡು ಬಿಟ್ಟು ಅವರ ಎಡ ಹೆಬ್ಬೆರಳಿಗೂ ಅಂಗಿಗೂ ನಡುವಿನ ಜಾಗದ ಮೇಲೆ ಕಣ್ಣಿಡಿ. ಗಾಳಿಗೆ ಅಂಗಿ ಉಬ್ಬಿ ಬಂದು ಕೈಗೆ ತಾಗಿದರೆ ಅದು ತಪ್ಪಲ್ಲ.